ಕಣ್ಣಿನ ಪೊರೆ: ಲಕ್ಷಣಗಳು, ‘ಬಲಿಯಲಿ’ ಎಂಬ ನಂಬಿಕೆ ಮತ್ತು ಚಿಕಿತ್ಸೆಯ ಸಮಯ – ಚನ್ನಪಟ್ಟಣ ಸೀಮೆಯ ಕಸುಬುಗಳ ಹಿನ್ನೆಲೆಯಲ್ಲಿ

ಕಣ್ಣಿನ ಪೊರೆ ಎಂಬ ಕಾಯಿಲೆಯಲ್ಲಿ ಕಣ್ಣಿನ ಮೇಲೆ ಯಾವ ಪೊರೆಯೂ ಬೆಳೆಯುವುದಿಲ್ಲ. ಹಾವು ಕಳಚುವುದು ಪೊರೆ, ಈರುಳ್ಳಿ ಬಿಡಿಸಿದರೆ ಸಿಗುವುದೂ ಪೊರೆ. ಹೊರಗಿನಿಂದ ಹೊದ್ದ ತೆಳು ಪದರಕ್ಕೆ ಸಲ್ಲುವ ಈ ಮಾತು ಕಣ್ಣಿನ ಒಳಗಾಗುವ ಬದಲಾವಣೆಗೆ ಅಂಟಿಕೊಂಡು ಗೊಂದಲ ಉಳಿಸಿದೆ. ಬಿಳಿಗುಡ್ಡೆಯಿಂದ ಕರಿಗುಡ್ಡೆಯ ಕಡೆಗೆ ಹಬ್ಬುವ ದುರ್ಮಾಂಸ ಬೇರೆಯೇ ತೊಂದರೆ. ಬಿಸಿಲು ದೂಳಿನಲ್ಲಿ ದುಡಿಯುವವರಲ್ಲಿ ಹೆಚ್ಚು. ಹಳ್ಳಿಗಳಲ್ಲಿ ಅದನ್ನೂ ಪೊರೆ ಎನ್ನುವುದುಂಟು. ದುರ್ಮಾಂಸ ಕನ್ನಡಿಯಲ್ಲಿ ಕಾಣುತ್ತದೆ. ನಿಜವಾದ ಪೊರೆ ಬಹಳ ಮುಂದುವರಿಯುವವರೆಗೂ ಕಾಣುವುದಿಲ್ಲ. ‘ಕಣ್ಣು ಚೆನ್ನಾಗೇ ಇದೆಯಲ್ಲ, ಪೊರೆ ಎಲ್ಲಿದೆ’ ಎಂದು ಹಿರಿಯರು ಕೇಳುವುದು ಈ ಕಾರಣಕ್ಕೆ.

ಬದಲಾಗುವುದು ಪಾಪೆಯ ಹಿಂದಿರುವ ಮಸೂರ. ಸುಮಾರು 4 ಮಿಲಿಮೀಟರ್ ದಪ್ಪದ ಈ ಅಂಗದಲ್ಲಿ ಮೂರರಲ್ಲಿ ಎರಡು ಪಾಲು ನೀರು, ಉಳಿದದ್ದು ಬಹುಮಟ್ಟಿಗೆ ಪ್ರೋಟೀನು. ವಯಸ್ಸಾದಂತೆ ಆ ಪ್ರೋಟೀನು ಕೆಟ್ಟು ಮುದ್ದೆಗಟ್ಟುತ್ತದೆ. ಕಾಯಿಸಿದಾಗ ಮೊಟ್ಟೆಯ ಬಿಳಿ ಮಬ್ಬಾಗುವುದನ್ನು ಇದಕ್ಕೆ ಹೋಲಿಸಬಹುದು. ಬೆಂದ ಮೊಟ್ಟೆ ಮತ್ತೆ ತಿಳಿಯಾಗದಂತೆ ಮಬ್ಬಾದ ಮಸೂರವನ್ನು ತಿಳಿಗೊಳಿಸುವ ಹನಿ ಔಷಧಿಯೂ ಇಲ್ಲ. ನಂದಿಬಟ್ಟಲ ಹೂವಿನ ರಸ, ಜೇನುತುಪ್ಪ ಇವುಗಳಿಂದ ಪೊರೆ ಕರಗದು. ಕಣ್ಣಿಗೆ ಸೋಂಕು ತಗಲುವ ಅಪಾಯ ಮಾತ್ರ ಇದೆ. ವಯಸ್ಸಿನ ಜೊತೆಗೆ ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ದೀರ್ಘಕಾಲದ ಸ್ಟೆರಾಯ್ಡ್ ಬಳಕೆ, ಬಿಸಿಲಿನ ಅತಿನೇರಳೆ ಕಿರಣ ಪೊರೆಯನ್ನು ಬೇಗ ತರುತ್ತವೆ. ಸೌದೆ ಒಲೆಯ ಹೊಗೆಗೂ ಪೊರೆಗೂ ನಂಟಿರುವುದನ್ನು ಭಾರತದ ಅಧ್ಯಯನಗಳು ತೋರಿಸಿವೆ. ಪೆಟ್ಟಿನಿಂದಲೂ ಪೊರೆ ಬರುತ್ತದೆ. ಬೈರಾಪಟ್ಟಣವೂ ಸೇರಿರುವ ಚನ್ನಪಟ್ಟಣ ತಾಲ್ಲೂಕು ಅರಗಿನ ಬಣ್ಣದ ಗೊಂಬೆಗಳ ನಾಡು. ತಿರುಗುವ ಲೇತಿಗೆ ಉಳಿ ಹಿಡಿದಾಗ ಸಿಡಿಯುವ ಮರದ ಚೂರು ಕಣ್ಣಿಗೆ ನಾಟಿದರೆ ಪ್ರಾಯದವರಲ್ಲೂ ಮಸೂರ ಬೆಳ್ಳಗಾಗಬಹುದು. ರಕ್ಷಣಾ ಕನ್ನಡಕದ ಬೆಲೆ ಈ ನಷ್ಟದ ಮುಂದೆ ಏನೂ ಅಲ್ಲ.

ವಯಸ್ಸಿನ ಪೊರೆ ಸಾಮಾನ್ಯವಾಗಿ ನೋಯುವುದಿಲ್ಲ, ಕೆಂಪಾಗುವುದಿಲ್ಲ, ದಿಢೀರನೆ ಬರುವುದೂ ಇಲ್ಲ. ಹಾಗಾಗಿ ಅದರ ಸುಳಿವು ಮೊದಲು ಕಾಣುವುದು ದಿನದ ಕೆಲಸದಲ್ಲಿ. ಮಸೂರದ ನಡುಭಾಗ ಹಳದಿಗಟ್ಟಿ ಕಂದಾಗುವ ಬಗೆಯಲ್ಲಿ ನೀಲಿ ಬೆಳಕು ಒಳಗೆ ಸರಿಯಾಗಿ ಹಾಯುವುದಿಲ್ಲ. ಗೊಂಬೆಗೆ ಅರಗಿನ ಕಡ್ಡಿ ಒತ್ತುವ ಕುಶಲಕರ್ಮಿಗೆ ಕಡುನೀಲಿಗೂ ಕಪ್ಪಿಗೂ ವ್ಯತ್ಯಾಸ ಸಿಗದು, ಬಿಳಿ ಬಣ್ಣ ಹಳೆಯ ಪಂಚೆಯಂತೆ ಕಾಣುತ್ತದೆ. ಆತ ಬಣ್ಣದ ಕಡ್ಡಿಯೇ ಸರಿಯಿಲ್ಲವೆಂದು ಭಾವಿಸುತ್ತಾನೆ. ರೇಷ್ಮೆ ಬಿಚ್ಚುವ ಮನೆಗಳಲ್ಲಿ ಬಿಸಿನೀರಿನಲ್ಲಿ ತೇಲುವ ಗೂಡಿನಿಂದ ಎಳೆಯ ತುದಿ ಹುಡುಕುವುದು ಬರಿಗಣ್ಣಿನ ಕೆಲಸ. ತೊಟ್ಟಿಯ ಮೇಲೆ ಬೆಳಕು ಬಿದ್ದು ಹೊಳೆದಾಗ ಎಳೆ ಮಾಯವಾಗುತ್ತಿದ್ದರೆ ಅದು ಪೊರೆಯಿಂದಾದ ಕಣ್ಣು ಕುಕ್ಕುವಿಕೆಯಾಗಿರಬಹುದು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ರಾತ್ರಿ ವಾಹನ ಓಡಿಸುವವರಿಗೆ ಎದುರಿನ ದೀಪದ ಸುತ್ತ ಬಳೆ ಕಟ್ಟಿದಂತೆ, ಬೆಳಕು ಚೆದುರಿದಂತೆ ಕಾಣುತ್ತದೆ. ಒಂದು ಕಣ್ಣು ಮುಚ್ಚಿಕೊಂಡರೂ ಚಂದ್ರ ಎರಡಾಗಿ ತೋರುವುದು, ಕನ್ನಡಕದ ಪವರ್ ಪದೇಪದೇ ಬದಲಾಗುವುದು ಉಳಿದ ಲಕ್ಷಣಗಳು.

ಇವೆಲ್ಲಕ್ಕಿಂತ ದಾರಿ ತಪ್ಪಿಸುವ ಲಕ್ಷಣ ಇನ್ನೊಂದಿದೆ. ಎಷ್ಟೋ ವರ್ಷ ಕನ್ನಡಕವಿಲ್ಲದೆ ಓದಲಾಗದ ಅಜ್ಜಿ ಇದ್ದಕ್ಕಿದ್ದಂತೆ ಬರಿಗಣ್ಣಿನಲ್ಲಿ ಸೂಜಿಗೆ ದಾರ ಪೋಣಿಸುತ್ತಾಳೆ. ಮನೆಮಂದಿಗೆ ಸಂತೋಷವಾಗುತ್ತದೆ. ಗಟ್ಟಿಯಾದ ಮಸೂರದ ಶಕ್ತಿ ಹೆಚ್ಚಿ ಹತ್ತಿರದ ನೋಟ ಮರಳಿರುತ್ತದೆ, ದೂರದ ನೋಟ ಕೆಡುತ್ತಿರುತ್ತದೆ. ಇದು ಪೊರೆಯ ಆರಂಭ. ಮಸೂರದ ಹಿಂಭಾಗದಲ್ಲಿ ಮೂಡುವ ಪೊರೆಯ ನಡವಳಿಕೆ ಇದಕ್ಕೆ ತಿರುಗುಮುರುಗು: ಹತ್ತಿರದ ಓದು ಮೊದಲು ಕೆಡುತ್ತದೆ, ಪಾಪೆ ಕಿರಿದಾಗುವ ಬಿಸಿಲಿನಲ್ಲಿ ತೊಂದರೆ ಹೆಚ್ಚುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ, ಸ್ಟೆರಾಯ್ಡ್ ತೆಗೆದುಕೊಳ್ಳುವವರಲ್ಲಿ ಈ ಬಗೆ ಹೆಚ್ಚು, ಬೆಳವಣಿಗೆಯೂ ಬೇಗ.

‘ಪೊರೆ ಇನ್ನೂ ಬಲಿತಿಲ್ಲ, ಬಲಿಯಲಿ’ ಎಂಬ ಮಾತು ಮೂಢನಂಬಿಕೆಯಲ್ಲ. ಒಂದು ಕಾಲದ ವೈದ್ಯರೇ ಕೊಟ್ಟ ಸರಿಯಾದ ಸಲಹೆ. ಆಗ ಮಸೂರವನ್ನು ಅದರ ಚೀಲದ ಸಮೇತ ಇಡಿಯಾಗಿ ತೆಗೆಯುತ್ತಿದ್ದರು. ಆಮೇಲೆ ಹಾಕಿಕೊಳ್ಳಬೇಕಾದ ಸೋಡಾಬುಡ್ಡಿ ಕನ್ನಡಕ, ಸುಮಾರು 10 ಡಯಾಪ್ಟರಿನದು, ಎಲ್ಲವನ್ನೂ ಕಾಲುಭಾಗಕ್ಕಿಂತ ಹೆಚ್ಚು ದೊಡ್ಡದಾಗಿ ತೋರಿಸುತ್ತಿತ್ತು. ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಎರಡರ ಚಿತ್ರ ಹೊಂದದೆ ನಡೆಯುವುದೇ ಕಷ್ಟ. ಆದ್ದರಿಂದ ನೋಟ ಪೂರಾ ಹೋಗುವವರೆಗೆ ಕಾಯುವುದು ಲಾಭದಾಯಕವಾಗಿತ್ತು. ಬೀಳಗಿ ಮೂಲದ ಡಾ. ಎಂ. ಸಿ. ಮೋದಿ ಊರೂರಿನ ಶಿಬಿರಗಳಲ್ಲಿ ಸಾವಿರಾರು ಜನರ ಪೊರೆ ತೆಗೆದದ್ದು ಆ ಕಾಲದಲ್ಲಿ. ಅವರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಸಂದವು. ಶಸ್ತ್ರಚಿಕಿತ್ಸೆಯಾದವರು ತಲೆ ಅಲುಗಿಸದೆ ದಿನಗಟ್ಟಲೆ ಮಲಗಿರಬೇಕಿತ್ತು. ಬೇಸಿಗೆಯಲ್ಲಿ ಆಪರೇಷನ್ ಬೇಡವೆಂಬ ಮಾತೂ ಸೆಖೆಯಲ್ಲಿ ಹಾಗೆ ಮಲಗಬೇಕಿದ್ದ ಆ ಶಿಬಿರಗಳ ನೆನಪಿನದೇ ಇರಬೇಕು.

ಹೆರಾಲ್ಡ್ ರಿಡ್ಲಿ 1949ರಲ್ಲಿ ಲಂಡನ್ನಿನಲ್ಲಿ ಮೊದಲ ಕೃತಕ ಮಸೂರವನ್ನು ಕಣ್ಣಿನೊಳಗೆ ಇಟ್ಟರು. ಚಾರ್ಲ್ಸ್ ಕೆಲ್ಮನ್ 1967ರಲ್ಲಿ ಮಸೂರವನ್ನು ಶ್ರವಣಾತೀತ ಕಂಪನದಿಂದ ಪುಡಿಮಾಡಿ ಹೀರುವ ಫೇಕೋ ವಿಧಾನ ತಂದರು. ಈಗ ಚೀಲವನ್ನು ಉಳಿಸಿ, ಅದರೊಳಗೆ ಲೆನ್ಸ್ ಕೂರಿಸುತ್ತಾರೆ. ಹೆಚ್ಚಿನವರಿಗೆ ಹೊಲಿಗೆಯೂ ಬೇಕಾಗುವುದಿಲ್ಲ, ಅಂದೇ ಮನೆಗೆ ಹೋಗಬಹುದು. ಈ ವಿಧಾನಕ್ಕೆ ಬಲಿತ ಪೊರೆ ಅನುಕೂಲವಲ್ಲ. ಗಟ್ಟಿಯಾದಷ್ಟೂ ಒಡೆಯುವುದು ಕಷ್ಟ, ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಕ್ಕೆ ಪೆಟ್ಟು ಹೆಚ್ಚು. ವಿಧಾನ ಬದಲಾದರೂ ಸಲಹೆ ಮಾತ್ರ ಊರಲ್ಲಿ ಹಳೆಯದೇ ಉಳಿದಿದೆ. 2015–19ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 50 ದಾಟಿದವರ ಅಂಧತ್ವದಲ್ಲಿ ಶೇ. 66.2ಕ್ಕೆ ಪೊರೆಯೇ ಕಾರಣವಾಗಿತ್ತು. ಗುಣವಾಗುವ ಕಾಯಿಲೆಯೊಂದರ ಪಾಲು ಇಷ್ಟಿರುವುದರಲ್ಲಿ ಈ ಕಾಯುವಿಕೆಯದೂ ಒಂದು ಪಾತ್ರವಿದೆ.

ಹಾಗಾದರೆ ಯಾವಾಗ ಹೋಗಬೇಕು? ಅಳತೆಗೋಲು ಪೊರೆ ಎಷ್ಟು ಬಲಿತಿದೆ ಎಂಬುದಲ್ಲ, ನಿಂತುಹೋದ ಕೆಲಸ. ಕನ್ನಡಕ ಬದಲಿಸಿಯೂ ಉಳಿ ಹಿಡಿಯಲು, ಬಸ್ಸಿನ ಬೋರ್ಡು ಓದಲು, ಅಕ್ಕಿಯ ಕಲ್ಲು ಆರಿಸಲು ಆಗದಿದ್ದರೆ ಶಸ್ತ್ರಚಿಕಿತ್ಸೆಯ ಸಮಯ ಬಂದಂತೆ. ಬಟ್ಟೆಯ ಕುಸುರಿ ಕೆಲಸದವರಿಗೆ ಈ ಹಂತ ಬೇಗ ಬರುತ್ತದೆ, ಮನೆಯಲ್ಲೇ ಇರುವವರಿಗೆ ತಡವಾಗಿ. ಮನೆಯಲ್ಲಿ ಪರೀಕ್ಷಿಸುವ ಸುಲಭ ದಾರಿ: ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರು ಓದುವುದು. ಒಳ್ಳೆಯ ಕಣ್ಣು ಕೆಟ್ಟ ಕಣ್ಣನ್ನು ವರ್ಷಗಟ್ಟಲೆ ಮರೆಮಾಚುತ್ತದೆ. ಆಸ್ಪತ್ರೆಯಲ್ಲಿ ಪಾಪೆ ಹಿಗ್ಗಿಸಿ ಅಕ್ಷಿಪಟಲ ನೋಡುವುದು, ಕಣ್ಣಿನ ಒತ್ತಡ ಅಳೆಯುವುದು ತಪ್ಪಬಾರದು. ಒತ್ತಡದಿಂದ ಕಣ್ಣಿನ ನರ ಕೆಡುವ ಗ್ಲಾಕೋಮದಿಂದ ಹೋದ ನೋಟ ಪೊರೆ ತೆಗೆದರೂ ಮರಳುವುದಿಲ್ಲ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಲ್ಲಿ ಆರಂಭವಾಗಿದ್ದು, ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ಉಚಿತ. ಚನ್ನಪಟ್ಟಣದಿಂದ ಸುಮಾರು 60 ಕಿ.ಮೀ. ದೂರದ ಬೆಂಗಳೂರಿನಲ್ಲಿ 1896ರಲ್ಲಿ ಶುರುವಾಗಿ 1913ರಲ್ಲಿ ಈಗಿನ ಕಟ್ಟಡಕ್ಕೆ ಬಂದ ಮಿಂಟೋ ಕಣ್ಣಿನ ಆಸ್ಪತ್ರೆ ಇದೆ.

ಕಾಯಲೇಬಾರದ ಸಂದರ್ಭಗಳಿವೆ. ಪೊರೆಯಿರುವ ಕಣ್ಣು ಕೆಂಪಾಗಿ, ತಲೆನೋವು ವಾಂತಿಯೊಡನೆ ನೋಯತೊಡಗಿದರೆ, ಊದಿದ ಅಥವಾ ಕರಗಿ ಸೋರಿದ ಮಸೂರದಿಂದ ಕಣ್ಣಿನ ಒತ್ತಡ ಏರಿರಬಹುದು. ಅದೇ ದಿನ ಆಸ್ಪತ್ರೆ ಸೇರಬೇಕು. ಮಗುವಿನ ಪಾಪೆ ಬೆಳ್ಳಗೆ ಕಂಡರೂ ಅಷ್ಟೇ. ಹುಟ್ಟಿನಿಂದ ಬಂದ ದಟ್ಟ ಪೊರೆಯನ್ನು ಮೊದಲ ಕೆಲವು ವಾರಗಳಲ್ಲೇ ತೆಗೆಯದಿದ್ದರೆ ಮಿದುಳು ಆ ಕಣ್ಣಿನಿಂದ ನೋಡುವುದನ್ನು ಕಲಿಯುವುದಿಲ್ಲ. ಬಿಳಿ ಪಾಪೆ ಕಣ್ಣಿನ ಕ್ಯಾನ್ಸರಿನ ಗುರುತೂ ಆಗಿರಬಹುದು. ಶಸ್ತ್ರಚಿಕಿತ್ಸೆಯ ನಂತರದ ದಿನಗಳಲ್ಲಿ ನೋವು ಹೆಚ್ಚಿದರೆ, ನೋಟ ಕುಸಿದರೆ ಮರುಭೇಟಿಯ ದಿನಾಂಕ ನೋಡುತ್ತ ಕೂರುವಂತಿಲ್ಲ.

ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಕೆಲವರಿಗೆ ‘ಪೊರೆ ಮತ್ತೆ ಬಂತು’ ಅನ್ನಿಸುತ್ತದೆ. ತೆಗೆದ ಮಸೂರ ಮರಳಿ ಬೆಳೆಯುವುದಿಲ್ಲ. ಲೆನ್ಸಿನ ಹಿಂದೆ ಉಳಿಸಿದ ಚೀಲ ಮಬ್ಬಾಗಿರುತ್ತದೆ. ಯಾಗ್ ಲೇಸರಿನಿಂದ ಕೆಲವೇ ನಿಮಿಷಗಳಲ್ಲಿ ಅದರ ನಡುವೆ ಕಿಂಡಿ ತೆರೆಯುತ್ತಾರೆ. ಪೊರೆ ಎಂಬ ಹೆಸರು ನಿಜಕ್ಕೂ ಒಪ್ಪುವುದು ಈ ತೆಳು ಪದರಕ್ಕೆ.