ಹಿಮೋಗ್ಲೋಬಿನ್‌ನಲ್ಲಿ ಶೇಷ-ಸಂಪರ್ಕಗಳ ಎಣಿಕೆ: ಒಂದು ಟಿಪ್ಪಣಿ

ಪ್ರೊಟೀನಿನ ಮೂರು ಆಯಾಮದ ರಚನೆಯಲ್ಲಿ ಯಾವ ಅಮೈನೊ ಆಮ್ಲ ಶೇಷ ಯಾವುದರ ಸಂಪರ್ಕದಲ್ಲಿದೆ ಎಂದು ಎಣಿಸುವುದು ಇಂದು ಕಂಪ್ಯೂಟರಿಗೆ ಕ್ಷಣದ ಕೆಲಸ. ಪ್ರೊಟೀನ್ ಡೇಟಾ ಬ್ಯಾಂಕಿನಿಂದ ಕಡತ ಇಳಿಸಿಕೊಂಡು ನಾಲ್ಕಾರು ಸಾಲಿನ ಪ್ರೋಗ್ರಾಂ ಓಡಿಸಿದರೆ ಪಟ್ಟಿ ಬಂದುಬಿಡುತ್ತದೆ. ಆ ಪಟ್ಟಿಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಇಲ್ಲಿಯ ಪ್ರಶ್ನೆ. ಪರೀಕ್ಷೆಗೆ ಹಿಮೋಗ್ಲೋಬಿನ್ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಇದರ ಕೆಲವು ಸಂಪರ್ಕಗಳಿಗೆ ನಿರ್ದೇಶಾಂಕಗಳ ಆಚೆಗಿನ ಸಾಕ್ಷ್ಯವೂ ಸಿಗುತ್ತದೆ, ಅದೂ ಮನುಷ್ಯರ ರಕ್ತದಿಂದಲೇ ಬಂದ ಸಾಕ್ಷ್ಯ.

ಮೊದಲು ಮಿತಿಯ ಮಾತು. 1963ರಲ್ಲಿ ಮದ್ರಾಸಿನಲ್ಲಿ ಜಿ.ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ರೂಪಿಸಿದ ಪ್ರಸಿದ್ಧ ನಕ್ಷೆ ಸಂಪರ್ಕ ದೂರಗಳ ಒಂದು ಪುಟ್ಟ ಕೋಷ್ಟಕದ ಮೇಲೆ ನಿಂತಿದೆ. ಬಂಧವಿಲ್ಲದ ಎರಡು ಇಂಗಾಲದ ಪರಮಾಣುಗಳು ಸಾಮಾನ್ಯವಾಗಿ 3.2 ಆಂಗ್‌ಸ್ಟ್ರಾಮ್‌ಗಿಂತ ಹತ್ತಿರ ಬರಲಾರವು, ತೀರಾ ಸಡಿಲಿಸಿದರೆ 3.0, ಇಂಗಾಲ-ಆಮ್ಲಜನಕದ ಜೋಡಿಗೆ 2.8, ಸಡಿಲಿಸಿದರೆ 2.7. ಇಷ್ಟರಿಂದಲೇ ಅವರು ಮುಖ್ಯಸರಪಳಿಯ ಯಾವ ತಿರುವುಗಳು ಸಾಧ್ಯ, ಯಾವುವು ಅಸಾಧ್ಯ ಎಂದು ಹೇಳಿಬಿಟ್ಟರು. ಆ ಕೆಳಮಿತಿಯನ್ನು ಪರಮಾಣುಗಳೇ ವಿಧಿಸುತ್ತವೆ. ನಾವು ಸಂಪರ್ಕ ಎಣಿಸಲು ಹೊರಟಾಗ ಬೇಕಾಗುವುದು ಮೇಲ್ಮಿತಿ, ಅಂದರೆ ಎಷ್ಟು ದೂರದವರೆಗೆ ಅದನ್ನು ಸಂಪರ್ಕ ಎನ್ನಬಹುದು ಎಂಬುದು. ಅದನ್ನು ಪ್ರಕೃತಿ ಹೇಳಿಕೊಡುವುದಿಲ್ಲ; ಸಂಶೋಧಕರು ತಮ್ಮತಮ್ಮಲ್ಲಿ ಒಪ್ಪಿಕೊಂಡಿದ್ದಾರೆ, ಅಷ್ಟೆ.

ಒಪ್ಪಂದಗಳೂ ಹಲವು. ಆಲ್ಫಾ ಇಂಗಾಲಗಳ ನಡುವಿನ ದೂರವನ್ನು ಅಳೆದು ಸುಮಾರು 8 ಆಂಗ್‌ಸ್ಟ್ರಾಮ್‌ಗೆ ಗೆರೆ ಎಳೆಯುವವರಿದ್ದಾರೆ. ರಚನೆಯ ಮುನ್ಸೂಚನೆಯ ಸ್ಪರ್ಧೆಗಳಲ್ಲಿ ಬೀಟಾ ಇಂಗಾಲಗಳ ನಡುವೆ 8 ಎಂಬುದು ರೂಢಿ. ಗ್ಲೈಸಿನ್‌ಗೆ ಬೀಟಾ ಇಂಗಾಲವೇ ಇಲ್ಲದ್ದರಿಂದ ಅಲ್ಲಿ ಆಲ್ಫಾ ಇಂಗಾಲವನ್ನೇ ಬಳಸುತ್ತಾರೆ. ಜಲಜನಕ ಬಿಟ್ಟು ಉಳಿದ ಯಾವುದೇ ಎರಡು ಪರಮಾಣುಗಳು 4.5ರ ಒಳಗಿದ್ದರೆ ಸಂಪರ್ಕ ಎನ್ನುವುದು ಮೂರನೆಯ ದಾರಿ. ಮೂರೂ ಒಂದೇ ಪಟ್ಟಿ ಕೊಡುವುದಿಲ್ಲ. ಆರ್ಜಿನಿನ್‌ನ ಪಾರ್ಶ್ವಸರಪಳಿ ಪೂರ್ತಿ ಚಾಚಿದಾಗ ಅದರ ವಿದ್ಯುದಾವೇಶದ ತುದಿ ಆಲ್ಫಾ ಇಂಗಾಲದಿಂದ ಸುಮಾರು 7 ಆಂಗ್‌ಸ್ಟ್ರಾಮ್ ಆಚೆಗಿರುತ್ತದೆ. ಎದುರಿನ ಆಸ್ಪಾರ್ಟಿಕ್ ಆಮ್ಲದ ಜೊತೆ ಅದು ಬಲವಾದ ಲವಣಸೇತುವೆ ಕಟ್ಟಿಕೊಂಡಿದ್ದರೂ ಆಲ್ಫಾ ಇಂಗಾಲದ ಅಳತೆಗೆ ಅದು ಕಾಣದೇ ಹೋಗಬಹುದು. ಇನ್ನೊಂದು ಕಡೆ, ಆಲ್ಫಾ ಸುರುಳಿಯಲ್ಲಿ ನಾಲ್ಕು ಸ್ಥಾನ ಮುಂದಿನ ಶೇಷ ಸುಮಾರು 6.2 ಆಂಗ್‌ಸ್ಟ್ರಾಮ್ ದೂರದಲ್ಲೇ ಇರುತ್ತದೆ. ಹಿಮೋಗ್ಲೋಬಿನ್‌ನ ಬಹುಪಾಲು ಸುರುಳಿಯೇ ಆದ್ದರಿಂದ, ಸರಪಳಿಯಲ್ಲಿ ಅಕ್ಕಪಕ್ಕದವನ್ನು ಕೈಬಿಡದಿದ್ದರೆ ಪಟ್ಟಿ ತುಂಬ ಇಂಥವೇ ತುಂಬಿಕೊಂಡು, ನಿಜವಾಗಿ ಮಡಿಕೆಯನ್ನು ಹಿಡಿದಿಟ್ಟಿರುವ ದೂರದ ಜೋಡಿಗಳು ಮರೆಯಾಗುತ್ತವೆ.

ಇದೆ-ಇಲ್ಲ ಎಂಬ ಎರಡೇ ಉತ್ತರಗಳಿಗೆ ಸಂಪರ್ಕವನ್ನು ಇಳಿಸದೆ ಅದಕ್ಕೆ ತೂಕ ಕೊಡುವ ಒಳ್ಳೆಯ ಮಾರ್ಗವೊಂದು ಬೆಂಗಳೂರಿನಿಂದಲೇ ಬಂದಿದೆ. ರಾಮಚಂದ್ರನ್ ಅವರು 1971ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದ ಅಣುಜೈವಿಕ ಭೌತವಿಜ್ಞಾನ ವಿಭಾಗದಲ್ಲಿ ಸರಸ್ವತಿ ವಿಶ್ವೇಶ್ವರ ಮತ್ತು ಅವರ ವಿದ್ಯಾರ್ಥಿಗಳು ಪ್ರೊಟೀನನ್ನು ಒಂದು ಜಾಲವಾಗಿ ಕಂಡರು: ಶೇಷಗಳು ಗಂಟುಗಳು, ಸಂಪರ್ಕಗಳು ಎಳೆಗಳು. ಎರಡು ಶೇಷಗಳ ಪಾರ್ಶ್ವಸರಪಳಿಗಳ ನಡುವೆ 4.5 ಆಂಗ್‌ಸ್ಟ್ರಾಮ್ ಒಳಗಿರುವ ಪರಮಾಣು ಜೋಡಿಗಳನ್ನು ಎಣಿಸಿ, ಆಯಾ ಶೇಷದ ಜಾತಿಗೆ ತಕ್ಕ ಎರಡು ಅಂಕಗಳ ಗುಣಲಬ್ಧದ ವರ್ಗಮೂಲದಿಂದ ಅದನ್ನು ಭಾಗಿಸಿ, ಶೇಕಡಾ ಲೆಕ್ಕದಲ್ಲಿ ಹೇಳುವುದು ಅವರ ಕ್ರಮ. ದೊಡ್ಡ ಗಾತ್ರದ ಟ್ರಿಪ್ಟೊಫ್ಯಾನ್ ಬರೀ ಗಾತ್ರದ ಬಲದಿಂದ ಪಟ್ಟಿಯ ತಲೆಗೇರುವುದು ಇದರಿಂದ ತಪ್ಪುತ್ತದೆ. ಇದಕ್ಕಿಂತ ಮುಖ್ಯವಾದದ್ದು, ಮಿತಿಯನ್ನು ಒಂದೇ ಕಡೆ ನಿಲ್ಲಿಸದೆ ಮೆಲ್ಲಗೆ ಏರಿಸುತ್ತಾ ಹೋಗಿ ಜಾಲ ಎಲ್ಲಿ ಒಡೆಯುತ್ತದೆ ಎಂದು ನೋಡುವ ಅವರ ಪದ್ಧತಿ. ಮಿತಿ ನಮ್ಮ ಆಯ್ಕೆ ಎಂದಮೇಲೆ ಆ ಆಯ್ಕೆಗೆ ಫಲಿತಾಂಶ ಎಷ್ಟು ಬಾಗುತ್ತದೆ ಎಂದು ತೋರಿಸುವುದೇ ಪ್ರಾಮಾಣಿಕ ದಾರಿ ಎಂದು ನನ್ನ ಅಭಿಪ್ರಾಯ.

ಇನ್ನು ಕಡತಗಳಿಗೆ ಬರೋಣ. ಆಮ್ಲಜನಕವಿಲ್ಲದ ಮಾನವ ಹಿಮೋಗ್ಲೋಬಿನ್‌ಗೆ 1.74 ಆಂಗ್‌ಸ್ಟ್ರಾಮ್ ಸ್ಪಷ್ಟತೆಯ 2ಎಚ್‌ಎಚ್‌ಬಿ, ಆಮ್ಲಜನಕ ಹೊತ್ತದ್ದಕ್ಕೆ 2.1ರ 1ಎಚ್‌ಎಚ್‌ಒ, ಇವೆರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವುದು ಪಾಠದ ಕೋಣೆಗಳಲ್ಲೂ ರೂಢಿ. ಮೊದಲನೆಯದರಲ್ಲಿ ನಾಲ್ಕು ಸರಪಳಿಗಳಿವೆ, ಎರಡು ಆಲ್ಫಾ, ಎರಡು ಬೀಟಾ. ಎರಡನೆಯದರಲ್ಲಿ ಇರುವುದು ಎರಡೇ, ಒಂದು ಆಲ್ಫಾ ಮತ್ತು ಒಂದು ಬೀಟಾ. ಅಣು ಅರ್ಧವಾಯಿತೆಂದು ಇದರ ಅರ್ಥವಲ್ಲ. ಸ್ಫಟಿಕದ ಸಮ್ಮಿತಿಯಿಂದ ಉಳಿದರ್ಧವನ್ನು ಪಡೆಯಬಹುದಾದ್ದರಿಂದ ಕಡತದಲ್ಲಿ ಅದನ್ನು ಮತ್ತೆ ಬರೆದಿಲ್ಲ; ಪಡೆಯುವ ಸೂತ್ರ ಕಡತದ ತಲೆಬರಹದಲ್ಲಿ ರಿಮಾರ್ಕ್ 350ರ ಸಾಲುಗಳಲ್ಲಿದೆ. ಆ ಸಾಲುಗಳನ್ನು ಓದದ ಪ್ರೋಗ್ರಾಂ ಎರಡೂ ಕಡತಗಳನ್ನು ಹಾಗೇ ಹೋಲಿಸಿದರೆ, ಆಮ್ಲಜನಕ ಬಂದೊಡನೆ ಆಲ್ಫಾ1 ಮತ್ತು ಬೀಟಾ2 ನಡುವಿನ ಸಂಪರ್ಕಗಳೆಲ್ಲ ಅಳಿಸಿಹೋದವು ಎಂದು ವರದಿ ಕೊಡುತ್ತದೆ. ಹಿಮೋಗ್ಲೋಬಿನ್‌ನ ಇಡೀ ಕಾರ್ಯವಿಧಾನ ಅಡಗಿರುವುದು ಆ ಸಂಧಿಯಲ್ಲೇ. ಅಲ್ಲಿ ಆಗುವುದು ಅಳಿವಲ್ಲ, ಬದಲಾವಣೆ.

ಆ ಬದಲಾವಣೆಯನ್ನು ಹತ್ತಿರದಿಂದ ನೋಡಬೇಕು. ಎರಡು ಸ್ಥಿತಿಗಳ ನಡುವೆ ಅಣುವಿನ ಒಂದರ್ಧ ಇನ್ನೊಂದರ ಮೇಲೆ ಸುಮಾರು 15 ಡಿಗ್ರಿ ತಿರುಗುತ್ತದೆ. ಆಮ್ಲಜನಕವಿಲ್ಲದಾಗ ಬೀಟಾದ 97ನೇ ಹಿಸ್ಟಿಡಿನ್, ಆಲ್ಫಾದ 41ನೇ ಥ್ರಿಯೊನಿನ್ ಮತ್ತು 44ನೇ ಪ್ರೋಲಿನ್‌ಗಳ ನಡುವೆ ಕೂತಿರುತ್ತದೆ. ಆಮ್ಲಜನಕ ಬಂದಾಗ ಸುರುಳಿಯ ಒಂದು ತಿರುವಿನಷ್ಟು ಜಾರಿ 38 ಮತ್ತು 41ನೇ ಥ್ರಿಯೊನಿನ್‌ಗಳ ನಡುವೆ ಹೋಗಿ ಕೂರುತ್ತದೆ. ಜೊತೆಗೆ ಆಲ್ಫಾದ 42ನೇ ಟೈರೊಸಿನ್ ಮತ್ತು ಬೀಟಾದ 99ನೇ ಆಸ್ಪಾರ್ಟಿಕ್ ಆಮ್ಲದ ಜಲಜನಕ ಬಂಧ ಕಳಚುತ್ತದೆ. ಅದಕ್ಕೆ ಬದಲು ಆಲ್ಫಾದ 94ನೇ ಆಸ್ಪಾರ್ಟಿಕ್ ಆಮ್ಲ ಬೀಟಾದ 102ನೇ ಆಸ್ಪರಜಿನ್ ಜೊತೆ ಬಂಧ ಬೆಳೆಸುತ್ತದೆ. ಒಟ್ಟು ಸಂಪರ್ಕಗಳ ಸಂಖ್ಯೆಯನ್ನಷ್ಟೇ ನೋಡುವವರಿಗೆ ಇದು ಒಂದು ಹೋಗಿ ಒಂದು ಬಂದ ಲೆಕ್ಕ. ಆದರೆ ಈ ಎರಡು ಬಂಧಗಳ ಬೆಲೆಯನ್ನು ಹುಟ್ಟಿನಿಂದ ಬಂದ ಎರಡು ರೂಪಾಂತರಗಳು ಹೇಳಿಕೊಟ್ಟಿವೆ. ಬೀಟಾ 99ರಲ್ಲಿ ಆಸ್ಪರಜಿನ್ ಬಂದ ಹಿಮೋಗ್ಲೋಬಿನ್ ಕೆಂಪ್ಸಿಯಲ್ಲಿ ಮೊದಲನೆಯ ಬಂಧ ಕಟ್ಟಲಾಗದೆ ಅಣು ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಬೀಟಾ 102ರಲ್ಲಿ ಥ್ರಿಯೊನಿನ್ ಬಂದ ಹಿಮೋಗ್ಲೋಬಿನ್ ಕಾನ್ಸಾಸ್‌ನಲ್ಲಿ ಎರಡನೆಯದು ಇಲ್ಲವಾಗಿ ಆಮ್ಲಜನಕದ ಹಿಡಿತ ಸಡಿಲವಾಗುತ್ತದೆ, ಹೊತ್ತವರ ಮೈ ನೀಲಿಗಟ್ಟುತ್ತದೆ. ದೂರದ ಅಳತೆ ಇವನ್ನು ಪಟ್ಟಿಗೆ ಸೇರಿಸಬಲ್ಲದು, ನೂರಾರು ಸಾಧಾರಣ ಸಂಪರ್ಕಗಳಿಂದ ಬೇರ್ಪಡಿಸಲಾರದು.

ಸಣ್ಣ ಎಚ್ಚರಿಕೆಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಒಂದೇ ಪಾರ್ಶ್ವಸರಪಳಿಗೆ ಕಡತದಲ್ಲಿ ಎರಡು ಪರ್ಯಾಯ ನೆಲೆಗಳಿದ್ದರೆ ಎರಡನ್ನೂ ಎಣಿಸಬಾರದು. ಆಸ್ಪರಜಿನ್, ಗ್ಲುಟಮಿನ್‌ಗಳ ತುದಿಯ ಸಾರಜನಕ ಯಾವುದು, ಆಮ್ಲಜನಕ ಯಾವುದು ಎಂದು ಎಕ್ಸ್-ಕಿರಣಗಳಿಗೆ ಸುಲಭವಾಗಿ ತಿಳಿಯದ ಕಾರಣ ತಲೆಕೆಳಗಾಗಿರುವ ಸಾಧ್ಯತೆಯುಂಟು. ಜಲಜನಕ ಬಂಧದ ಮಾತೆತ್ತುವ ಮೊದಲು ಇದನ್ನು ಪರೀಕ್ಷಿಸಬೇಕು. ಸ್ಪಷ್ಟತೆ 2 ಆಂಗ್‌ಸ್ಟ್ರಾಮ್ ಆಸುಪಾಸಿರುವಾಗ 4.49ನ್ನು ಒಳಗೆ, 4.51ನ್ನು ಹೊರಗೆ ಇಡುವುದಕ್ಕೆ ಅರ್ಥವಿಲ್ಲ.

ಸ್ಫಟಿಕದಲ್ಲಿ ಅಣುಗಳು ಒತ್ತೊತ್ತಾಗಿ ಜೋಡಿಸಿಕೊಂಡಾಗ ಅಣು-ಅಣುಗಳ ನಡುವೆ ಉಂಟಾಗುವ ಸಂಪರ್ಕಗಳನ್ನು ಸಾಮಾನ್ಯವಾಗಿ ಕೃತಕ ಎಂದು ತೆಗೆದುಹಾಕುತ್ತೇವೆ. ಕುಡುಗೋಲು ಕಣ ರೋಗದ ಹಿಮೋಗ್ಲೋಬಿನ್‌ಗೆ ಈ ನಿಯಮ ಹಚ್ಚಿದರೆ ರೋಗವನ್ನೇ ತೆಗೆದುಹಾಕಿದಂತೆ. ಬೀಟಾದ 6ನೇ ಸ್ಥಾನದಲ್ಲಿ ಗ್ಲುಟಮಿಕ್ ಆಮ್ಲದ ಬದಲು ವ್ಯಾಲಿನ್ ಬಂದಿರುವುದನ್ನು ವರ್ನನ್ ಇಂಗ್ರಾಮ್ 1950ರ ದಶಕದಲ್ಲಿ ತೋರಿಸಿದರು. ಇಂದಿನ ತಳಿವಿಜ್ಞಾನದ ವರದಿಗಳಲ್ಲಿ ಮೊದಲ ಮೆಥಿಯೊನಿನ್ ಸೇರಿಸಿ ಎಣಿಸುವುದರಿಂದ ಅದೇ ಸ್ಥಾನ 7 ಆಗುತ್ತದೆ. ಕಡತದ ಜೊತೆ ತಾಳೆ ನೋಡುವವರು ಇದನ್ನು ಗಮನಿಸಬೇಕು. 2ಎಚ್‌ಬಿಎಸ್ ಎಂಬ 2.05 ಆಂಗ್‌ಸ್ಟ್ರಾಮ್ ರಚನೆಯಲ್ಲಿ ಒಂದು ಹಿಮೋಗ್ಲೋಬಿನ್‌ನ ಆ ವ್ಯಾಲಿನ್, ಪಕ್ಕದ ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯಲ್ಲಿ 85ನೇ ಫಿನೈಲ್‌ಅಲನಿನ್ ಮತ್ತು 88ನೇ ಲ್ಯೂಸಿನ್‌ಗಳ ಜಿಡ್ಡುಗುಣದ ಗುಳಿಗೆ ಇಳಿದಿದೆ. ಆಮ್ಲಜನಕ ಕಳೆದುಕೊಂಡ ಅಣುಗಳು ಹೀಗೆ ಒಂದಕ್ಕೊಂದು ಕಚ್ಚಿಕೊಂಡು ಜೋಡಿ ಎಳೆಗಳಾಗುತ್ತವೆ. ಕೆಂಪು ಕಣದೊಳಗಿನ ನಾರಿನಲ್ಲಿ ಇಂಥ ಎಳೆಗಳು 14, ಅಂದರೆ ಏಳು ಜೋಡಿ. ಅಲ್ಲಿ ಅವು ತಿರುಚಿಕೊಂಡಿವೆ, ಸ್ಫಟಿಕದಲ್ಲಿ ಹೆಚ್ಚುಕಡಿಮೆ ನೇರವಾಗಿವೆ. ಆದ್ದರಿಂದ ಸ್ಫಟಿಕದಲ್ಲಿ ಅಳೆದ ಪ್ರತಿಯೊಂದು ದೂರವನ್ನೂ ಹಾಗೇ ನಾರಿಗೆ ಹೊರಿಸಲಾಗದು.

ಹೀಗಿದ್ದರೂ ಈ ಗುಳಿಯ ವಿಷಯದಲ್ಲಿ ಹೊರಗಿನ ಸಾಕ್ಷ್ಯ ಗಟ್ಟಿಯಾಗಿದೆ. ಗುಳಿಯ ಅಂಚಿನಲ್ಲೇ, 87ರಲ್ಲಿ, ಬೀಟಾ ಸರಪಳಿಗೆ ಥ್ರಿಯೊನಿನ್ ಇದೆ. ಭ್ರೂಣದ ಹಿಮೋಗ್ಲೋಬಿನ್‌ನ ಗಾಮಾ ಸರಪಳಿಯಲ್ಲಿ ಅದೇ ಜಾಗದಲ್ಲಿರುವುದು ಗ್ಲುಟಮಿನ್. ಎಳೆಗಳು ಹೆಣೆದುಕೊಳ್ಳುವುದನ್ನು ಭ್ರೂಣದ ಹಿಮೋಗ್ಲೋಬಿನ್ ತಡೆಯುವುದಕ್ಕೆ ಈ ದೊಡ್ಡ ಪಾರ್ಶ್ವಸರಪಳಿಯೂ ಒಂದು ಕಾರಣ. 87ರಲ್ಲಿ ಗ್ಲುಟಮಿನ್ ಇಟ್ಟ ಬೀಟಾ ವಂಶವಾಹಿಯನ್ನು ರೋಗಿಯ ರಕ್ತಮೂಲ ಕೋಶಗಳಿಗೆ ಸೇರಿಸುವ ಚಿಕಿತ್ಸೆಗೆ 2023ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ನಮ್ಮ ದೇಶದಲ್ಲಿ ಈ ರೋಗದ ವಂಶವಾಹಿ 1952ರಲ್ಲಿ ಮೊದಲು ಕಂಡದ್ದು ಕರ್ನಾಟಕದ ಗಡಿಗೆ ತಾಗಿಕೊಂಡ ನೀಲಗಿರಿಯ ಬುಡಕಟ್ಟು ಜನರಲ್ಲಿ. ಆ ಜನರಿಗೆ ಅಂಥ ಚಿಕಿತ್ಸೆ ಎಟಕುವ ಬೆಲೆಯಲ್ಲಿ ಇಂದಿಗೂ ಇಲ್ಲ. 85, 87, 88ರ ಸುತ್ತ ಹಿಡಿದು ನಿಲ್ಲಬಲ್ಲ, ಬಾಯಲ್ಲಿ ನುಂಗಬಹುದಾದ ಸಣ್ಣ ಅಣುವೊಂದನ್ನು ಹುಡುಕುವ ಕೆಲಸಕ್ಕೆ ಈ ಸಂಪರ್ಕಗಳ ಎಣಿಕೆ ನೇರವಾಗಿ ಬೇಕಾಗುತ್ತದೆ. ಅಲ್ಲಿ ಯಾವ ಕಡತ, ಯಾವ ಮಿತಿ, ಯಾವ ಜೋಡಣೆ ಎಂಬುದನ್ನು ಪ್ರತಿ ಕೋಷ್ಟಕದ ತಲೆಯ ಮೇಲೇ ಬರೆದಿರಬೇಕು.