ಜೂರಿಕ್ ನಗರದಲ್ಲಿ ನಿಜಾರಾಧನೆಯ ಪ್ರಶ್ನೆ

ಆರಾಧನೆಯೆಂದರೇನು, ಯಾವ ಆರಾಧನೆ ನಿಜವಾದುದು ಎಂಬ ಪ್ರಶ್ನೆಗಳು ಕ್ರೈಸ್ತಮತದ ಇತಿಹಾಸದಲ್ಲಿ ಧರ್ಮಶಾಸ್ತ್ರಜ್ಞರ ಚರ್ಚೆಗೆ ಮಾತ್ರ ಮೀಸಲಾಗಿ ಉಳಿದವಲ್ಲ. ಅವುಗಳ ಮೂಲವನ್ನು ಬೈಬಲ್ಲಿನಲ್ಲಿಯೇ ಕಾಣಬಹುದು. ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಸಮಾರ್ಯದ ಸ್ತ್ರೀಯೊಬ್ಬಳು ಬಾವಿಯ ಬಳಿ ಯೇಸುವನ್ನು ಕಂಡು, ದೇವರನ್ನು ಆರಾಧಿಸತಕ್ಕ ಸ್ಥಳವು ತಮ್ಮ ಬೆಟ್ಟವೋ ಯೆರೂಸಲೇಮೋ ಎಂಬ ವಿವಾದವನ್ನು ಎತ್ತುತ್ತಾಳೆ. ಅದಕ್ಕೆ ದೊರೆತ ಉತ್ತರವು ಎರಡು ಸ್ಥಳಗಳನ್ನೂ ಬಿಟ್ಟು, ಆತ್ಮ ಮತ್ತು ಸತ್ಯಗಳ ಕಡೆಗೆ ತಿರುಗುತ್ತದೆ. ಪೌಲನು ರೋಮಾಪುರದವರಿಗೆ ಬರೆದ ಪತ್ರದ ಹನ್ನೆರಡನೆಯ ಅಧ್ಯಾಯದಲ್ಲಿ, ದೇವಾಲಯದ ಸೇವೆಗೆ ಸಲ್ಲುತ್ತಿದ್ದ ‘ಲಾತ್ರೇಯಾ’ ಎಂಬ ಗ್ರೀಕ್ ಶಬ್ದವನ್ನೇ ತೆಗೆದುಕೊಂಡು, ಬದುಕಿರುವ ದೇಹವನ್ನು ಸಮರ್ಪಿಸುವುದಕ್ಕೆ ಅನ್ವಯಿಸುತ್ತಾನೆ. ಹೀಬ್ರೂ ಭಾಷೆಯ ‘ಅವೋದಾ’ ಎಂಬ ಶಬ್ದಕ್ಕಾದರೋ ದುಡಿಮೆ ಮತ್ತು ಪೂಜೆ ಎಂಬ ಎರಡು ಅರ್ಥಗಳೂ ಉಂಟು.

ಹೀಗೆ ನಿಯತ ಸ್ಥಳದಲ್ಲಿ ನಿಯತ ಕ್ರಮದಿಂದ ನಡೆಯುವ ವಿಧಿಯೊಂದು, ಬಾಳಿನ ಸಮಸ್ತ ವ್ಯವಹಾರವನ್ನೂ ವ್ಯಾಪಿಸುವ ಸೇವೆಯೊಂದು — ಈ ಎರಡು ಎಳೆಗಳು ಆದಿಯಿಂದಲೂ ಕೂಡಿಕೊಂಡೇ ಬಂದಿವೆ. ಕ್ರಿ.ಶ. 787ರಲ್ಲಿ ನೈಸಿಯಾದಲ್ಲಿ ಸೇರಿದ ಎರಡನೆಯ ಮಹಾಸಭೆಯು ದೇವರೊಬ್ಬನಿಗೇ ಸಲ್ಲುವ ಆರಾಧನೆಯನ್ನೂ ಪ್ರತಿಮೆಗಳಿಗೆ ಸಲ್ಲಬಹುದಾದ ಗೌರವವನ್ನೂ ಬೇರ್ಪಡಿಸಿ, ಪ್ರತಿಮಾ ವಿವಾದಕ್ಕೆ ಒಂದು ಪರಿಹಾರವನ್ನು ಸೂಚಿಸಿತು. ಈ ಭೇದವು ಗ್ರಂಥದಲ್ಲಿ ಸ್ಪಷ್ಟವಾಗಿಯೇ ಇದೆ. ಆದರೆ ಕೈಯಲ್ಲಿ ಮೇಣದ ಬತ್ತಿಯನ್ನು ಹಿಡಿದು ಪ್ರತಿಮೆಯ ಮುಂದೆ ಮೊಣಕಾಲೂರಿದ ರೈತನ ಮನಸ್ಸಿನಲ್ಲಿ ಅದು ಎಷ್ಟರಮಟ್ಟಿಗೆ ಉಳಿದಿತ್ತು? ಹದಿನಾರನೆಯ ಶತಮಾನದ ಸುಧಾರಕರು ಕೇಳಿದ ಪ್ರಶ್ನೆ ಇದು. ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಅದು ಮತ್ತೊಂದು ರೂಪವನ್ನು ತಾಳಿತು. ದೇವರ ಹೆಸರಿನಲ್ಲಿ ವೆಚ್ಚವಾಗುವ ಹಣವು ಯಾರಿಗೆ ಸಲ್ಲಬೇಕು ಎಂದು ಅಲ್ಲಿನ ಜನರು ಕೇಳತೊಡಗಿದರು.

ಹುಲ್ಡ್ರಿಖ್ ಜ್ವಿಂಗ್ಲಿಯು 1519ರ ಜನವರಿ 1ರಂದು ಆ ನಗರದ ಮಹಾದೇವಾಲಯದಲ್ಲಿ ಉಪದೇಶಕನಾಗಿ ಕಾರ್ಯಾರಂಭ ಮಾಡಿದನು. ಹಬ್ಬಹರಿದಿನಗಳಿಗೆ ಗೊತ್ತುಪಡಿಸಿದ ಪಾಠಗಳನ್ನು ಬಿಟ್ಟು, ಮತ್ತಾಯನ ಸುವಾರ್ತೆಯನ್ನು ಮೊದಲಿನಿಂದ ಕ್ರಮವಾಗಿ ವಿವರಿಸುತ್ತ ಹೋದನು. ಪ್ರತಿಮೆಗಳನ್ನು ಕುರಿತ ಸಂಶಯವು ಜನರಲ್ಲಿ ಬೇರೂರಿದುದು ಈ ಉಪದೇಶಗಳಿಂದ. 1523ರ ಸೆಪ್ಟೆಂಬರಿನಲ್ಲಿ ಕ್ಲಾಸ್ ಹಾಟಿಂಗರ್ ಎಂಬವನು ಕೆಲವರ ಸಹಾಯದಿಂದ ನಗರದ್ವಾರದ ಹೊರಗಣ ಸ್ಟಾಡೆಲ್‌ಹೋಫನ್ ಎಂಬಲ್ಲಿದ್ದ ದೊಡ್ಡ ಮರದ ಶಿಲುಬೆಯನ್ನು ಅಗೆದು ಕೆಡವಿದನು. ಸೆರೆಹಿಡಿದು ವಿಚಾರಿಸಲಾಗಿ, ಆ ಮರವನ್ನು ಮಾರಿ ಬಂದ ಹಣವನ್ನು ಬಡವರಿಗೆ ಹಂಚುವ ಉದ್ದೇಶವಿತ್ತೆಂದು ಹೇಳಿದನು. ಇದನ್ನು ತಪ್ಪಿಸಿಕೊಳ್ಳಲು ಹೂಡಿದ ನೆಪವೆಂದು ತಳ್ಳಿಹಾಕುವುದು ಸುಲಭ. ಆದರೆ ಮುಂದೆ ನಗರವೇ ಕೈಗೊಂಡ ಕ್ರಮಗಳನ್ನು ನೋಡಿದರೆ ಹಾಗೆನಿಸುವುದಿಲ್ಲ. ಅವನಿಗೆ ಎರಡು ವರ್ಷಗಳ ಗಡೀಪಾರು ವಿಧಿಸಲಾಯಿತು. ಗಡಿಯಾಚೆ ಹಳೆಯ ಮತಕ್ಕೆ ನಿಷ್ಠರಾದವರ ಕೈಗೆ ಸಿಕ್ಕಿ, 1524ರ ಮಾರ್ಚಿನಲ್ಲಿ ಲೂಸರ್ನ್ ನಗರದಲ್ಲಿ ಶಿರಚ್ಛೇದಕ್ಕೆ ಗುರಿಯಾದನು.

ಈ ಪ್ರಕರಣದ ಪರಿಣಾಮವಾಗಿ ನಗರಸಭೆಯು 1523ರ ಅಕ್ಟೋಬರ್ 26ರಿಂದ ಮೂರು ದಿನಗಳ ಸಾರ್ವಜನಿಕ ವಾದಸಭೆಯನ್ನು ಕರೆಯಿತು. ಸುಮಾರು 900 ಜನ ಸೇರಿದ್ದರು. ಪ್ರತಿಮೆ ಮತ್ತು ಬಲಿಪೂಜೆ ಇವೆರಡೂ ಚರ್ಚೆಯ ವಿಷಯಗಳು. ಅಲ್ಲಿ ಆಡಿದ ಮಾತುಗಳಲ್ಲಿ ಕೂಸ್ನಾಖ್ಟಿನ ಸಂತ ಯೋಹಾನರ ಸಂಘದ ಮುಖ್ಯಸ್ಥ ಕಾನ್ರಾಡ್ ಷ್ಮಿಡ್ಟನದು ನನಗೆ ಅತ್ಯಂತ ವಿವೇಕಯುತವಾಗಿ ತೋರುತ್ತದೆ. ದುರ್ಬಲನು ಒಂದು ಕೋಲನ್ನು ಊರಿಕೊಂಡು ನಿಂತಿದ್ದಾನೆ. ಅದಕ್ಕಿಂತ ಗಟ್ಟಿಯಾದ ಮತ್ತೊಂದನ್ನು ಕೊಡದೆ ಅದನ್ನು ಕಿತ್ತುಕೊಳ್ಳಬಾರದು. ಮೊದಲು ಬೋಧನೆ, ಆಮೇಲೆ ತೆರವು — ಇದು ಅವನ ವಾದದ ಸಾರ. ಅವನು ಹಳೆಯ ಪದ್ಧತಿಯ ಪಕ್ಷಪಾತಿಯಲ್ಲ, ಸುಧಾರಣೆಯ ಪಕ್ಷದವನೇ ಎಂಬುದನ್ನು ಮರೆಯಬಾರದು.

ಸಭೆಯು ಕೆಲವು ತಿಂಗಳು ತಡೆದು, 1524ರ ಜೂನ್ 15ರಂದು ಪ್ರತಿಮೆಗಳನ್ನು ತೆಗೆಯಲು ಆಜ್ಞೆಯಿತ್ತಿತು. ಕಾಣಿಕೆ ಕೊಟ್ಟ ಕುಟುಂಬಗಳು ತಮ್ಮವನ್ನು ಮರಳಿ ಒಯ್ಯಬಹುದೆಂದು ಅವಕಾಶವಿತ್ತು. ಅನಂತರ ಉಪದೇಶಕರೂ ವೃತ್ತಿಸಂಘಗಳ ಪ್ರತಿನಿಧಿಗಳೂ ಬಡಗಿ, ಕಮ್ಮಾರ, ಕಲ್ಲುಕುಟಿಗರನ್ನು ಜೊತೆಗೂಡಿಸಿಕೊಂಡು, ದೇವಾಲಯಗಳ ಬಾಗಿಲುಗಳನ್ನು ಮುಚ್ಚಿ, ಸುಮಾರು ಎರಡು ವಾರಗಳಲ್ಲಿ ಕೆಲಸವನ್ನು ಮುಗಿಸಿದರು. ಗೋಡೆಗಳಿಗೆ ಸುಣ್ಣ ಬಳಿಯಲಾಯಿತು. ದೊಂಬಿಯಾಗಲಿಲ್ಲ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮಹಾದೇವಾಲಯದ ಒಳಗಿದ್ದ ಚಕ್ರವರ್ತಿ ಷಾರ್ಲ್‌ಮೇನನ ಪ್ರತಿಮೆಯ ಮುಂದೆ ಜನ ಮೊಣಕಾಲೂರುತ್ತಿದ್ದರು, ಅದನ್ನು ತೆಗೆದುಹಾಕಿದರು. ಅದೇ ಚಕ್ರವರ್ತಿಯ ಮತ್ತೊಂದು ಪ್ರತಿಮೆ ಗೋಪುರದ ಮೇಲಿತ್ತು. ಅದಕ್ಕೆ ಯಾರೂ ವಂದಿಸುತ್ತಿರಲಿಲ್ಲವಾದ್ದರಿಂದ ಅದು ಅಲ್ಲಿಯೇ ಉಳಿಯಿತು. ಬಣ್ಣದ ಗಾಜಿನ ಕಿಟಕಿಗಳ ವಿಷಯದಲ್ಲಿಯೂ ಜ್ವಿಂಗ್ಲಿಗೆ ಆಕ್ಷೇಪವಿರಲಿಲ್ಲ. ಅವನ ವಿರೋಧವು ಕಲೆಯ ಮೇಲಣದಲ್ಲ, ಬಾಗುವ ಮೊಣಕಾಲಿನ ಮೇಲಣದು.

ಮೊಣಕಾಲು ಎತ್ತ ಬಾಗಬಾರದೆಂದು ಹೇಳಿದವನು ಕೈ ಎತ್ತ ನೀಡಬೇಕೆಂಬುದನ್ನೂ ಹೇಳಿದನು. ದೇವರ ನಿಜವಾದ ಪ್ರತಿರೂಪವೆಂದರೆ ಬಡ ಮನುಷ್ಯ. ಮರಕ್ಕೂ ಕಲ್ಲಿಗೂ ತೊಡಿಸುವ ಬಂಗಾರವು ಹಸಿದವನ ಪಾಲಿನದು ಎಂಬ ವಿಚಾರವು ಅವನ ಬರವಣಿಗೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಕನ್ನಡ ವಾಚಕರಿಗೆ ಇಲ್ಲಿ ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು ಮಾಡಿದ ಸ್ಥಾವರ–ಜಂಗಮ ವಿವೇಚನೆಯು ನೆನಪಾದರೆ ಆಶ್ಚರ್ಯವಿಲ್ಲ. ಎರಡಕ್ಕೂ ಚಾರಿತ್ರಿಕ ಸಂಬಂಧವೇನೂ ಇಲ್ಲ, ತತ್ತ್ವದ ನೆಲೆಯೂ ಬೇರೆ. ಸಾಮ್ಯವನ್ನು ಸಾಮ್ಯವೆಂದಷ್ಟೇ ತಿಳಿಯತಕ್ಕದ್ದು.

1525ರ ಜನವರಿಯಲ್ಲಿ ಹೊರಟ ಭಿಕ್ಷಾ ನಿಯಮಾವಳಿಯು ಈ ವಿಚಾರವನ್ನು ಆಡಳಿತಕ್ಕೆ ಇಳಿಸಿತು. ಮುಚ್ಚಿದ ಸನ್ಯಾಸಿಮಠಗಳ ಆದಾಯವನ್ನು ಬಡವರ ನಿಧಿಗೆ ತಿರುಗಿಸಲಾಯಿತು. ಡೊಮಿನಿಕನ್ ಮಠದಲ್ಲಿ ಪ್ರತಿದಿನವೂ ದೊಡ್ಡ ಹಂಡೆಯಲ್ಲಿ ಗಂಜಿ ಬೇಯಿಸಿ, ರೊಟ್ಟಿಯೊಡನೆ ಹಂಚುವ ಏರ್ಪಾಡಾಯಿತು. ಬೀದಿಯ ಭಿಕ್ಷಾಟನೆಯನ್ನು ನಿಷೇಧಿಸಲಾಯಿತು. ಸುಣ್ಣ ಬಳಿದ ಗೋಡೆಗಳಿಗಿಂತ ಈ ಹಂಡೆಯಲ್ಲಿಯೇ ಜೂರಿಕ್‌ನ ಸುಧಾರಣೆಯ ಅರ್ಥವು ಹೆಚ್ಚು ವ್ಯಕ್ತವಾಗುತ್ತದೆಂದು ನನ್ನ ಭಾವನೆ. ಆದರೆ ಆ ನಿಯಮಾವಳಿಯನ್ನು ಪೂರ್ತಿಯಾಗಿ ಓದಿದವನಿಗೆ ಸಂತೋಷದೊಡನೆ ಸಂಕೋಚವೂ ಆಗದಿರದು. ನೆರವು ಪಡೆಯುವವರು ಗುರುತಿನ ಚಿಹ್ನೆಯೊಂದನ್ನು ಧರಿಸಬೇಕಾಗಿತ್ತು. ದುಂದುಗಾರರಿಗೆ, ಉಪದೇಶಕ್ಕೆ ಬಾರದವರಿಗೆ ಗಂಜಿಯಿಲ್ಲ. ದೇವರ ಪ್ರತಿರೂಪವೆನಿಸಿದ ಬಡವನನ್ನು ಹೀಗೆ ವಿಂಗಡಿಸಿ, ಎದೆಗೆ ಗುರುತು ಹಚ್ಚಿ ನಿಲ್ಲಿಸಿದರು.

ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ ಬಲಿಪೂಜೆಯು ರದ್ದಾಗಿ, 13ನೆಯ ತಾರೀಖು, ಪವಿತ್ರ ಗುರುವಾರದಂದು, ಹೊಸ ಕ್ರಮದ ಪ್ರಭುಭೋಜನವು ಮೊದಲ ಬಾರಿಗೆ ನಡೆಯಿತು. ಬೆಳ್ಳಿಬಂಗಾರಗಳ ಬದಲು ಮರದ ತಟ್ಟೆ, ಮರದ ಬಟ್ಟಲು. ಜನರು ಕುಳಿತಲ್ಲಿಗೇ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ತಂದುಕೊಟ್ಟರು. ವರ್ಷಕ್ಕೆ ನಾಲ್ಕು ಸಲ ಮಾತ್ರ ಈ ವಿಧಿ ಎಂದು ಗೊತ್ತಾಯಿತು. ಪ್ರತಿದಿನವೂ ನಡೆಯುತ್ತಿದ್ದ ಪೂಜೆಯು ನಾಲ್ಕಕ್ಕೆ ಇಳಿಯಿತೆಂದು ವಿಷಾದಪಡುವವರುಂಟು. ಆದರೆ 1215ರ ಲ್ಯಾಟರನ್ ಮಹಾಸಭೆಯು ವರ್ಷಕ್ಕೊಮ್ಮೆಯಾದರೂ ಪ್ರಸಾದವನ್ನು ಸ್ವೀಕರಿಸಬೇಕೆಂದು ಕಡ್ಡಾಯ ಮಾಡಬೇಕಾಗಿ ಬಂದುದನ್ನು ನೆನೆದರೆ, ನೋಡುವುದು ಕಡಮೆಯಾಗಿ ಉಣ್ಣುವುದು ಹೆಚ್ಚಾಯಿತೆಂದೂ ಹೇಳಬಹುದು. ಸ್ತೋತ್ರಭಾಗವನ್ನು ಪುರುಷರೂ ಸ್ತ್ರೀಯರೂ ಪರ್ಯಾಯವಾಗಿ ಹೇಳಬೇಕೆಂದು ಜ್ವಿಂಗ್ಲಿ ಯೋಜಿಸಿದ್ದನು. ನಗರಸಭೆಯು ಅದಕ್ಕೆ ಒಪ್ಪಲಿಲ್ಲ.

ಹಾಡಂತೂ ಪೂರ್ತಿ ನಿಂತಿತು. ಹಲವು ವಾದ್ಯಗಳನ್ನು ಬಲ್ಲ ಸಂಗೀತಗಾರನೇ ಗಾನವನ್ನು ಆರಾಧನೆಯಿಂದ ಹೊರಗಟ್ಟಿದನೆಂಬುದು ವಿಚಿತ್ರ. ಕೋಣೆಯ ಬಾಗಿಲನ್ನು ಮುಚ್ಚಿ ಪ್ರಾರ್ಥಿಸಬೇಕೆಂಬ ಯೇಸುವಿನ ಬೋಧನೆಯನ್ನೂ, ಹಾಡಿನ ಗದ್ದಲವನ್ನು ಖಂಡಿಸಿದ ಪ್ರವಾದಿ ಆಮೋಸನನ್ನೂ ಅವನು ಆಧಾರವಾಗಿ ಹಿಡಿದನು. ಬಹುಶಃ ಸಂಗೀತದ ಸೆಳೆತವನ್ನು ಸ್ವತಃ ಬಲ್ಲವನಾದ್ದರಿಂದಲೇ ಅದಕ್ಕೆ ಹೆದರಿದನೋ ಏನೋ. ಮಹಾದೇವಾಲಯದ ಆರ್ಗನ್ ವಾದ್ಯವನ್ನು 1527ರಲ್ಲಿ ಕಳಚಿಹಾಕಿದರು. ಷ್ಮಿಡ್ಟನು ಹೇಳಿದ ದುರ್ಬಲನ ಕೋಲು ಇದೂ ಆಗಿತ್ತೆಂಬುದನ್ನು ಯಾರೂ ಯೋಚಿಸಿದಂತೆ ಕಾಣುವುದಿಲ್ಲ.

ಇನ್ನೊಂದು ತೊಡಕು ಅಧಿಕಾರದ್ದು. ನಿಜಾರಾಧನೆ ಯಾವುದೆಂದು ನಿರ್ಣಯಿಸುವವರು ಯಾರು? 1523ರ ವಾದಸಭೆಯಲ್ಲಿಯೇ ಸೀಮೋನ್ ಸ್ಟುಂಫ್ ಎಂಬ ಪಾದ್ರಿಯು, ಈ ನಿರ್ಣಯವನ್ನು ನಗರಸಭೆಯ ಕೈಗೆ ಒಪ್ಪಿಸುವ ಹಕ್ಕು ಜ್ವಿಂಗ್ಲಿಗೆ ಇಲ್ಲವೆಂದು ಆಕ್ಷೇಪಿಸಿದ್ದನು. ಕಾನ್ರಾಡ್ ಗ್ರೇಬೆಲ್ ಮತ್ತು ಫೆಲಿಕ್ಸ್ ಮಾಂಟ್ಸ್ ಮೊದಲಾದವರು ಇನ್ನೂ ಮುಂದೆ ಹೋಗಿ, 1525ರ ಜನವರಿಯಲ್ಲಿ ವಯಸ್ಕರ ದೀಕ್ಷಾಸ್ನಾನವನ್ನು ಆರಂಭಿಸಿದರು. ನಂಬಿದವನ ಸ್ವೇಚ್ಛೆಯಿಂದ ಹುಟ್ಟದ ಆರಾಧನೆ ಆರಾಧನೆಯೇ ಅಲ್ಲವೆಂಬುದು ಅವರ ನಿಲುವು. 1527ರ ಜನವರಿ 5ರಂದು ಮಾಂಟ್ಸನನ್ನು ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. 1530ರ ಆಜ್ಞೆಯೊಂದು ದೇವಾಲಯಕ್ಕೆ ಹೋಗುವುದನ್ನು ಎಲ್ಲರಿಗೂ ಕಡ್ಡಾಯ ಮಾಡಿತು. ಆತ್ಮದಿಂದ ಆರಾಧಿಸಬೇಕೆಂದು ಪ್ರತಿಮೆಗಳನ್ನು ಕೆಳಗಿಳಿಸಿದ ನಗರವು ಆರೇ ವರ್ಷಗಳಲ್ಲಿ ಹಾಜರಿಯನ್ನು ಕಾನೂನಿನಿಂದ ಪಡೆಯಬೇಕಾಯಿತು.

ಮಾರ್ಟಿನ್ ಲೂಥರನ ದಾರಿ ಬೇರೆ. 1522ರ ಮಾರ್ಚಿನಲ್ಲಿ ವಿಟೆನ್‌ಬರ್ಗಿಗೆ ಮರಳಿದೊಡನೆ ಎಂಟು ದಿನ ಉಪದೇಶ ಮಾಡಿ, ಬಲಾತ್ಕಾರದಿಂದ ಪ್ರತಿಮೆಗಳನ್ನು ತೆಗೆಯುವುದನ್ನು ಅವನು ಖಂಡಿಸಿದ್ದನು. ಹೃದಯದಿಂದ ಹೋದ ಮೇಲೆ ಗೋಡೆಯ ಮೇಲಿದ್ದರೇನು ಎಂಬುದು ಅವನ ಧೋರಣೆ. ಸಭೆಯ ಗಾನಕ್ಕೆ ಅವನು ಉನ್ನತ ಸ್ಥಾನವನ್ನಿತ್ತನು. ಈ ಎರಡು ಪರಂಪರೆಗಳ ಭೇದವು ನಮ್ಮ ನಾಡಿನ ಚರಿತ್ರೆಗೂ ತಕ್ಕಮಟ್ಟಿಗೆ ಸಂಬಂಧಿಸಿದೆ. 1834ರಲ್ಲಿ ಮಂಗಳೂರಿಗೆ ಬಂದ ಮಿಶನರಿಗಳನ್ನು ಕಳುಹಿಸಿದ ಬಾಸೆಲ್ ನಗರವು ಸ್ವಿಟ್ಜರ್ಲೆಂಡಿನದು. 1529ರ ಫೆಬ್ರವರಿಯಲ್ಲಿ ಜನರು ದೇವಾಲಯಗಳಿಗೆ ನುಗ್ಗಿ ಪ್ರತಿಮೆಗಳನ್ನು ಒಡೆದು ಸುಟ್ಟ ನಗರವೂ ಅದೇ. ಆದರೆ ಆ ಮಿಶನ್ನಿನ ಕಾರ್ಯಕರ್ತರಲ್ಲಿ ಬಹುಮಂದಿ ಲೂಥರನ ಪರಂಪರೆಗೆ ಸೇರಿದ ವುರ್ಟೆಂಬರ್ಗ್ ಸೀಮೆಯವರು. ಬರಿಯ ಗೋಡೆಗಳ ಸರಳ ದೇವಾಲಯಗಳೊಡನೆ ಅವರು ಹಾಡನ್ನೂ ತಂದು, ಕನ್ನಡದಲ್ಲಿಯೂ ತುಳುವಿನಲ್ಲಿಯೂ ಗೀತಗಳನ್ನು ರಚಿಸಿ ಸಭೆಯ ಬಾಯಿಗೆ ಕೊಟ್ಟರು. ಜೂರಿಕ್‌ನ ದೇವಾಲಯಗಳಾದರೋ ಜ್ವಿಂಗ್ಲಿಯು 1531ರಲ್ಲಿ ಕಾಪೆಲ್ ಯುದ್ಧದಲ್ಲಿ ಮಡಿದ ಮೇಲೂ ಬಹುಕಾಲ ಮೌನವಾಗಿಯೇ ಇದ್ದವು. ಅಲ್ಲಿ ಸಭೆಯು ಮತ್ತೆ ಹಾಡತೊಡಗಿದುದು 1598ರಲ್ಲಿ.