ಬೋರಿಸ್ ಡಿಟ್ರಿಖ್ ಮತ್ತು ನೆದರ್ಲೆಂಡ್ಸಿನ ಸಲಿಂಗ ವಿವಾಹ ಕಾನೂನು

ಬೋರಿಸ್ ಡಿಟ್ರಿಖ್ (ಜನನ 1955) ನೆದರ್ಲೆಂಡ್ಸಿನ ವಕೀಲ, ನ್ಯಾಯಾಧೀಶ, ಸಂಸದ. ಗಂಡಿಗೆ ಗಂಡನ್ನೂ ಹೆಣ್ಣಿಗೆ ಹೆಣ್ಣನ್ನೂ ಕಾನೂನುಬದ್ಧವಾಗಿ ಮದುವೆಯಾಗುವ ಹಕ್ಕನ್ನು ಪ್ರಪಂಚದಲ್ಲೇ ಮೊದಲು ಕೊಟ್ಟ ಡಚ್ ಕಾನೂನಿಗೆ ಸಂಸತ್ತಿನ ಒಳಗಿನಿಂದ ದಾರಿ ಮಾಡಿದವರು. ಈ ಕಾನೂನು 2001ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದರ ಮಸೂದೆಯನ್ನು ಮಂಡಿಸಿದ್ದು ಡಿಟ್ರಿಖ್ ಅಲ್ಲ, ಆಗಿನ ರಾಜ್ಯ ಸಚಿವ ಯೋಬ್ ಕೋಹೆನ್. ಡಿಟ್ರಿಖ್ ತಾವು ಸಂಸತ್ತಿಗೆ ಬಂದ 1994ರಿಂದ ಅಲ್ಲಿಯವರೆಗಿನ ಏಳು ವರ್ಷಗಳಲ್ಲಿ ಒಂದು ದಿನವೂ ಮಂತ್ರಿಯಾಗಿರಲಿಲ್ಲ. ಆದರೂ ಈ ಕಾನೂನಿನ ಚರಿತ್ರೆಯನ್ನು ಅವರ ಹೆಸರು ಬಿಟ್ಟು ಹೇಳಲು ಬರುವುದಿಲ್ಲ. ಯಾರೂ ಕೈಗೆತ್ತಿಕೊಳ್ಳಲು ಒಪ್ಪದಿದ್ದ ಬೇಡಿಕೆಯೊಂದನ್ನು ನಿರ್ಣಯ, ಸಮಿತಿ, ಮೈತ್ರಿ ಒಪ್ಪಂದ, ಮಸೂದೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಮೇಲೆ ತಂದವರು ಅವರೇ.

ಡಿಟ್ರಿಖ್ ಹುಟ್ಟಿದ್ದು ಉಟ್ರೆಕ್ಟ್ ನಗರದಲ್ಲಿ. ಅವರ ತಂದೆ 1948ರ ಕಮ್ಯುನಿಸ್ಟ್ ಅಧಿಕಾರ ಗ್ರಹಣದ ನಂತರ ಚೆಕೊಸ್ಲೊವಾಕಿಯಾ ತೊರೆದು ಬಂದ ನಿರಾಶ್ರಿತರು. ಡಿಟ್ರಿಖ್ ಲೈಡನ್‌ನಲ್ಲಿ ಕಾನೂನು ಓದಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವಕೀಲಿ ಮಾಡಿ, ಆಲ್ಕ್‌ಮಾರ್ ನಗರದ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದರು. 1994ರಲ್ಲಿ ಡಿ66 ಎಂಬ ಉದಾರವಾದಿ ಪಕ್ಷದಿಂದ ಕೆಳಮನೆಗೆ ಆಯ್ಕೆಯಾದರು. ತಾವು ಸಲಿಂಗಿ ಎಂಬುದನ್ನು ಅವರು ಸಂಸತ್ತಿನಲ್ಲಿ ಮುಚ್ಚಿಡಲಿಲ್ಲ.

ಅವರು ಸಂಸತ್ತಿಗೆ ಬಂದಾಗ ವಿಷಯ ಎಲ್ಲಿ ನಿಂತಿತ್ತು ಎಂಬುದನ್ನು ತಿಳಿಯಬೇಕಾದರೆ ಡಚ್ಚರ ಮದುವೆಯ ಪದ್ಧತಿಯನ್ನು ಮೊದಲು ನೋಡಬೇಕು. ನಮ್ಮಲ್ಲಿ ಮುಹೂರ್ತ, ಧಾರೆ, ತಾಳಿ ಮುಗಿದರೆ ಮದುವೆ ಮುಗಿಯಿತು. ನೋಂದಣಿ ಕಚೇರಿಗೆ ಹೋಗುವುದು ಆಮೇಲಿನ ಮಾತು. ನೆದರ್ಲೆಂಡ್ಸಿನಲ್ಲಿ ಇದು ತಿರುಗುಮುರುಗು. ನೆಪೋಲಿಯನ್ ಆಳ್ವಿಕೆಯ ಕಾಲದಿಂದಲೂ ಅಲ್ಲಿ ಕಾನೂನಿನ ಲೆಕ್ಕಕ್ಕೆ ಸಿಗುವ ಮದುವೆ ಒಂದೇ: ನಗರಸಭೆಯ ವಿವಾಹಾಧಿಕಾರಿಯ ಮುಂದೆ ಆಗುವ ಮದುವೆ. ಚರ್ಚಿನ ವಿಧಿ ಬೇಕಾದವರು ನಂತರ ಮಾಡಿಕೊಳ್ಳಬಹುದು. ನಗರಸಭೆಯಲ್ಲಿ ಮದುವೆಯಾಗದವರಿಗೆ ಮೊದಲೇ ಧಾರ್ಮಿಕ ವಿವಾಹ ನೆರವೇರಿಸುವ ಪಾದ್ರಿಯದು ಶಿಕ್ಷಾರ್ಹ ಅಪರಾಧ. ಹೀಗಾಗಿ ಯಾರು ಮದುವೆಯಾಗಬಹುದು ಎಂಬುದು ಅಲ್ಲಿ ದೇವರ ಪ್ರಶ್ನೆಯಾಗಿ ಬರಲಿಲ್ಲ, ನಾಗರಿಕ ಸಂಹಿತೆಯ ಪ್ರಶ್ನೆಯಾಗಿ ಬಂತು. ಡಿಟ್ರಿಖ್ ಮತ್ತು ಅವರ ಸಂಗಡಿಗರ ವಾದಕ್ಕೆ ನೆಲೆ ಸಿಕ್ಕಿದ್ದು ಇಲ್ಲಿಯೇ. ಯಾವ ಚರ್ಚಿನ ಬಾಗಿಲನ್ನೂ ತೆರೆಯಿರಿ ಎಂದು ಅವರು ಕೇಳಬೇಕಾಗಿರಲಿಲ್ಲ. ಎಲ್ಲ ಪ್ರಜೆಗಳದ್ದೂ ಆದ ನಗರಸಭೆಯ ಬಾಗಿಲನ್ನು ತೆರೆಯಿರಿ ಎಂದರೆ ಸಾಕಿತ್ತು.

ಆ ಬಾಗಿಲು ಸುಲಭದ್ದೇನೂ ಆಗಿರಲಿಲ್ಲ. ಗಂಡು–ಹೆಣ್ಣಿನ ಸಂಬಂಧಕ್ಕೆ ಒಂದು ವಯಸ್ಸು, ಸಲಿಂಗ ಸಂಬಂಧಕ್ಕೆ ಅದಕ್ಕಿಂತ ಹೆಚ್ಚಿನ ವಯಸ್ಸು ಎಂದು ಭೇದ ಮಾಡುತ್ತಿದ್ದ ದಂಡಸಂಹಿತೆಯ ಕಲಮು 1911ರಿಂದ 1971ರವರೆಗೆ ಜಾರಿಯಲ್ಲಿತ್ತು. 1946ರಲ್ಲೇ ಹುಟ್ಟಿದ ಸಿಒಸಿ ಎಂಬ ಸಂಘಟನೆ ಅದರ ವಿರುದ್ಧ ದಶಕಗಟ್ಟಲೆ ದುಡಿಯಿತು. 1986ರಲ್ಲಿ ರೆಮಾನ್‌ಸ್ಟ್ರಂಟ್ ಎಂಬ ಪುಟ್ಟ ಪ್ರಾಟೆಸ್ಟೆಂಟ್ ಪಂಗಡ ಸಲಿಂಗ ಜೋಡಿಗಳಿಗೆ ಆಶೀರ್ವಾದ ಕೊಡಲು ಒಪ್ಪಿತು. 1989ರಲ್ಲಿ ಡೆನ್ಮಾರ್ಕ್ ಇಂಥ ಜೋಡಿಗಳಿಗಾಗಿ ಪ್ರತ್ಯೇಕ ನೋಂದಣಿ ವ್ಯವಸ್ಥೆ ತಂದಿತು. ಅದೇ ಹೊತ್ತಿಗೆ ನೆದರ್ಲೆಂಡ್ಸಿನಲ್ಲಿ ‘ಗೇ ಕ್ರಾಂಟ್’ ಪತ್ರಿಕೆಯ ಸಂಪಾದಕ ಹೆಂಕ್ ಕ್ರೋಲ್ ಮದುವೆಯ ಹಕ್ಕಿಗಾಗಿ ಪ್ರಚಾರ ಶುರು ಮಾಡಿದರು, ವಿಷಯವನ್ನು ನ್ಯಾಯಾಲಯದ ಮೆಟ್ಟಿಲೂ ಹತ್ತಿಸಿದರು. 1990ರ ಅಕ್ಟೋಬರ್ 19ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ನಾಗರಿಕ ಸಂಹಿತೆ ಹೇಳುವ ಮದುವೆ ಗಂಡು–ಹೆಣ್ಣಿನದು. ಅದನ್ನು ಸಲಿಂಗಿಗಳಿಗೆ ನಿರಾಕರಿಸುವುದು ಕಾನೂನುಬಾಹಿರವಲ್ಲ ಎಂದಿತು. ಆದರೆ ವಿವಾಹಿತರಿಗೆ ಸಿಗುವ ಕೆಲವು ಸವಲತ್ತುಗಳನ್ನು ಇವರಿಗೆ ಕೊಡದಿರುವುದಕ್ಕೆ ಸಾಕಷ್ಟು ಸಮರ್ಥನೆ ಇಲ್ಲದಿರಬಹುದು, ಅದನ್ನು ನೋಡಬೇಕಾದದ್ದು ಶಾಸಕಾಂಗ ಎಂಬ ಸೂಚನೆಯನ್ನೂ ಸೇರಿಸಿತು. ಆಮೇಲೆ ಕೆಲವು ನಗರಸಭೆಗಳು ಸಲಿಂಗ ಜೋಡಿಗಳ ಹೆಸರು ಬರೆದುಕೊಳ್ಳಲು ತಮ್ಮದೇ ದಾಖಲೆ ಪುಸ್ತಕ ಇಟ್ಟವು. ಅದರಲ್ಲಿ ಹೆಸರು ಬರೆಸಿದರೆ ಆಸ್ತಿಯ ಹಕ್ಕು ಬರುತ್ತಿರಲಿಲ್ಲ, ಪಿಂಚಣಿ ಬರುತ್ತಿರಲಿಲ್ಲ. ಊರು ನಮ್ಮನ್ನು ಜೋಡಿಯೆಂದು ಒಪ್ಪಿತು ಎಂಬ ಸಮಾಧಾನ ಮಾತ್ರ ಬರುತ್ತಿತ್ತು.

ನ್ಯಾಯಾಲಯ ಶಾಸಕಾಂಗದ ಕಡೆ ಕೈ ತೋರಿಸಿತು ಸರಿ, ಶಾಸಕಾಂಗದಲ್ಲಿ ಕೈ ಚಾಚುವವರು ಯಾರು? ಬದಲಾವಣೆಗೆ ದಾರಿಯಾದದ್ದು 1994ರ ಚುನಾವಣೆ. ಅದರಲ್ಲಿ ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಕ್ಷ (ಸಿಡಿಎ) 54 ಸ್ಥಾನಗಳಿಂದ 34ಕ್ಕೆ ಇಳಿಯಿತು; ಡಿ66 12ರಿಂದ 24ಕ್ಕೆ ಏರಿತು. ಲೇಬರ್ ಪಕ್ಷದ ವಿಮ್ ಕೋಕ್ ಅವರ ನೇತೃತ್ವದಲ್ಲಿ ಲೇಬರ್, ಬಲ ಒಲವಿನ ಉದಾರವಾದಿಗಳ ವಿವಿಡಿ ಮತ್ತು ಡಿ66 ಸೇರಿ ಸರ್ಕಾರ ಮಾಡಿದವು. ಕೆಂಪು, ನೀಲಿ ಬೆರೆತದ್ದರಿಂದ ಜನ ಅದನ್ನು ‘ನೇರಳೆ ಸರ್ಕಾರ’ ಎಂದರು. 1918ರ ನಂತರ ಕ್ರೈಸ್ತ ಪಕ್ಷಗಳಿಲ್ಲದೆ ರಚನೆಯಾದ ಮೊದಲ ಸರ್ಕಾರ ಅದು. ಡಿಟ್ರಿಖ್ ಸಂಸತ್ತಿಗೆ ಬಂದದ್ದು ಇದೇ ಚುನಾವಣೆಯಲ್ಲಿ. ಅವಕಾಶ ತಾನಾಗಿ ಬಂದಿತ್ತು ನಿಜ. ಆದರೆ ನೇರಳೆ ಸರ್ಕಾರ ಬಂದ ಮಾತ್ರಕ್ಕೆ ಕಾನೂನು ಬಂತು ಎನ್ನುವುದು ತಪ್ಪು. ಆ ಸರ್ಕಾರ ತನ್ನ ಮೊದಲ ನಾಲ್ಕು ವರ್ಷ ಈ ಬೇಡಿಕೆಯನ್ನು ಒಪ್ಪಲೇ ಇಲ್ಲ.

ವಿರೋಧ ಎದುರಾಳಿಗಳಿಂದ ಮಾತ್ರ ಬರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಸಲಿಂಗಿಗಳ ಚಳವಳಿಯೊಳಗೇ ಮದುವೆಯ ಬಗ್ಗೆ ಒಲವು ಕಡಿಮೆಯಿತ್ತು. ಮದುವೆ ಎಂದರೆ ಹೆಣ್ಣನ್ನು ಗಂಡಿನ ಅಧೀನ ಮಾಡಿದ ಹಳೆಯ ಸಂಸ್ಥೆ, ಅದರೊಳಗೆ ಹೋಗಲು ನಾವೇಕೆ ಹೋರಾಡಬೇಕು ಎಂದು ಸ್ತ್ರೀವಾದಿಗಳೂ ಎಡಪಂಥೀಯರೂ ಕೇಳುತ್ತಿದ್ದರು. ಸಿಒಸಿ ಕೂಡ ಆರಂಭದಲ್ಲಿ ಉತ್ಸಾಹ ತೋರಲಿಲ್ಲ. ಇದು ತಳ್ಳಿಹಾಕುವಂಥ ಪ್ರಶ್ನೆಯಲ್ಲ. ಡಿಟ್ರಿಖ್ ನಿಂತದ್ದು ಸಮಾನತೆ ಮತ್ತು ಆಯ್ಕೆಯ ನೆಲೆಯ ಮೇಲೆ. ಮದುವೆಯಾಗುವುದೋ ಬಿಡುವುದೋ ಇಬ್ಬರಿಗೆ ಬಿಟ್ಟದ್ದು. ಕೆಲವು ಪ್ರಜೆಗಳಿಗೆ ಆ ಆಯ್ಕೆಯೇ ಇಲ್ಲದಂತೆ ಮಾಡಲು ಸರ್ಕಾರಕ್ಕೆ ಅಧಿಕಾರವಿಲ್ಲ. ಎಲ್ಲರನ್ನೂ ಸಮಾನವಾಗಿ ಕಾಣಬೇಕೆನ್ನುವ, 1983ರ ಪರಿಷ್ಕೃತ ಡಚ್ ಸಂವಿಧಾನದ ಮೊದಲನೆಯ ವಿಧಿ ಈ ವಾದದ ಹಿಂದಿತ್ತು.

ಸರ್ಕಾರ ಮುಂದಿಟ್ಟದ್ದು ನಡುದಾರಿ. ‘ನೋಂದಾಯಿತ ಸಹಬಾಳ್ವೆ’ ಎಂಬ ಹೊಸ ವ್ಯವಸ್ಥೆಯಲ್ಲಿ ಮದುವೆಯ ಬಹುತೇಕ ಹಕ್ಕು–ಹೊಣೆಗಳು ಇರುತ್ತವೆ, ಮದುವೆ ಎಂಬ ಹೆಸರು ಇರುವುದಿಲ್ಲ. ಬಹಳಷ್ಟು ಮಂದಿ ಇಷ್ಟು ಸಾಕು ಎಂದುಕೊಂಡಿದ್ದರು. ಡಿಟ್ರಿಖ್ ಮತ್ತು ಲೇಬರ್ ಪಕ್ಷದ ಸಂಸದೆ ಮೀಕೆ ಫಾನ್ ಡರ್ ಬರ್ಗ್ ಅವರಿಗೆ ಇಷ್ಟು ಸಾಲಲಿಲ್ಲ. ಮದುವೆಯನ್ನೇ ತೆರೆಯಬೇಕು ಎಂಬ ನಿರ್ಣಯ 1996ರ ಏಪ್ರಿಲ್‌ನಲ್ಲಿ ಮತಕ್ಕೆ ಬಂದು 81–60ರಿಂದ ಗೆದ್ದಿತು. ಡಚ್ ಪದ್ಧತಿಯಲ್ಲಿ ಇಂಥ ನಿರ್ಣಯ ಸರ್ಕಾರವನ್ನು ಕಟ್ಟಿಹಾಕುವುದಿಲ್ಲ, ಆದರೆ ಉತ್ತರ ಕೊಡದೆ ಸುಮ್ಮನಿರಲೂ ಬಿಡುವುದಿಲ್ಲ. ಸರ್ಕಾರ ಪ್ರಾಧ್ಯಾಪಕ ಕೋರ್ಟ್‌ಮನ್ ಅವರ ಅಧ್ಯಕ್ಷತೆಯಲ್ಲಿ ಎಂಟು ಮಂದಿಯ ತಜ್ಞರ ಸಮಿತಿ ಮಾಡಿತು. ಸಮಿತಿ ಮಾಡುವುದೆಂದರೆ ವಿಷಯವನ್ನು ಕಪಾಟಿಗೆ ಸೇರಿಸುವುದು ಎಂಬ ಅನುಮಾನ ಎಲ್ಲ ದೇಶಗಳಲ್ಲೂ ಇದೆ. ಇಲ್ಲಿ ಹಾಗಾಗಲಿಲ್ಲ. 1997ರ ಅಕ್ಟೋಬರ್‌ನಲ್ಲಿ ಬಂದ ವರದಿಯಲ್ಲಿ ಐವರು ಮದುವೆಯನ್ನು ತೆರೆಯಬೇಕೆಂದರು, ಮೂವರು ಬೇಡವೆಂದರು. ಬೇಡವೆಂದವರ ಮುಖ್ಯ ಆತಂಕ, ಇಂಥ ಮದುವೆಯನ್ನು ಬೇರೆ ದೇಶಗಳು ಮಾನ್ಯ ಮಾಡುವುದಿಲ್ಲ ಎಂಬುದು. 1998ರ ಜನವರಿ 1ರಂದು ನೋಂದಾಯಿತ ಸಹಬಾಳ್ವೆ ಜಾರಿಗೆ ಬಂತು. ಮುಂದಿನ ತಿಂಗಳೇ ಸಚಿವ ಸಂಪುಟವು ಕೋರ್ಟ್‌ಮನ್ ಸಮಿತಿಯ ಬಹುಮತದ ಅಭಿಪ್ರಾಯವನ್ನು ಪಕ್ಕಕ್ಕಿಟ್ಟು, ಮದುವೆಯನ್ನು ತೆರೆಯುವುದಿಲ್ಲ ಎಂದು ತಿಳಿಸಿತು. ಕೆಳಮನೆ ಏಪ್ರಿಲ್‌ನಲ್ಲಿ ತನ್ನ ನಿರ್ಣಯವನ್ನು ಮತ್ತೊಮ್ಮೆ ಅಂಗೀಕರಿಸಿತು.

ನನ್ನ ತಿಳಿವಳಿಕೆಯಲ್ಲಿ ಇಡೀ ಚರಿತ್ರೆಯ ತಿರುವು ಇರುವುದು ಇದರ ನಂತರದ ಕೆಲವು ತಿಂಗಳಲ್ಲಿ. 1998ರ ಮೇ ಚುನಾವಣೆಯಲ್ಲಿ ಡಿ66 24ರಿಂದ 14 ಸ್ಥಾನಗಳಿಗೆ ಕುಸಿಯಿತು. ಲೇಬರ್ (45) ಮತ್ತು ವಿವಿಡಿ (38) ಎರಡೇ ಸೇರಿದರೂ 150ರ ಮನೆಯಲ್ಲಿ ಬಹುಮತವಿತ್ತು. ಅಂದರೆ ಲೆಕ್ಕದ ಪ್ರಕಾರ ಡಿ66 ಬೇಕಾಗಿಯೇ ಇರಲಿಲ್ಲ. ಸೋತ ಪಕ್ಷ ಚೌಕಾಸಿಗೆ ಕೂತಾಗ ಸಾಮಾನ್ಯವಾಗಿ ಒಂದೆರಡು ಖಾತೆ ಕೇಳಿ ಸುಮ್ಮನಾಗುತ್ತದೆ. ಆದರೆ ಆ ವರ್ಷದ ಮೈತ್ರಿ ಒಪ್ಪಂದದಲ್ಲಿ ಮದುವೆಯನ್ನು ಸಲಿಂಗ ಜೋಡಿಗಳಿಗೆ ತೆರೆಯುವ ಮಸೂದೆ ತರಲಾಗುವುದು ಎಂಬ ವಾಕ್ಯ ಬಂತು. ಎರಡು ಬಾರಿ ಗೆದ್ದ ನಿರ್ಣಯ, ಕೈಯಲ್ಲಿದ್ದ ಸಮಿತಿಯ ವರದಿ, ನಾಲ್ಕು ವರ್ಷ ಬಿಡದೆ ಹಿಡಿದ ಪಟ್ಟು ಇವೆಲ್ಲ ಆ ವಾಕ್ಯದ ಹಿಂದಿದ್ದವು. ಮೈತ್ರಿ ಒಪ್ಪಂದಕ್ಕೆ ಡಚ್ ರಾಜಕೀಯದಲ್ಲಿ ಭಾರೀ ತೂಕ. ಬರೆದುಕೊಂಡದ್ದನ್ನು ಪಾಲುದಾರ ಪಕ್ಷಗಳು ನಡೆಸಿಕೊಡಲೇಬೇಕು.

ನಂತರದ್ದು ಹೆಚ್ಚು ನೇರವಾದ ದಾರಿ. ನ್ಯಾಯ ಖಾತೆಯ ರಾಜ್ಯ ಸಚಿವರಾದ ಕೋಹೆನ್ 1999ರ ಜುಲೈನಲ್ಲಿ ಮಸೂದೆ ಮಂಡಿಸಿದರು. ಸಿಡಿಎ ಮತ್ತು ಸಣ್ಣ ಕ್ರೈಸ್ತ ಪಕ್ಷಗಳು ಮದುವೆಯ ಪರಂಪರೆಯ ಮಾತು ತೆಗೆದವು, ವಿದೇಶದಲ್ಲಿ ಮಾನ್ಯತೆ ಸಿಗದೆಂಬ ಪ್ರಶ್ನೆ ಎತ್ತಿದವು. ಎರಡನೆಯ ಆತಂಕ ಸುಳ್ಳಲ್ಲ ಎಂದು ಸರ್ಕಾರವೂ ಒಪ್ಪಿತು. ಬೇರೆಯವರು ಮಾನ್ಯ ಮಾಡುವವರೆಗೆ ನಮ್ಮ ಪ್ರಜೆಗಳು ಕಾಯಬೇಕಿಲ್ಲ ಎಂಬುದು ಅದರ ನಿಲುವಾಯಿತು. 2000ದ ಸೆಪ್ಟೆಂಬರ್ 12ರಂದು ಕೆಳಮನೆ 109–33ರಿಂದ, ಡಿಸೆಂಬರ್ 19ರಂದು ಮೇಲ್ಮನೆ 49–26ರಿಂದ ಮಸೂದೆಯನ್ನು ಅಂಗೀಕರಿಸಿದವು. ಎರಡು ದಿನಗಳ ನಂತರ ರಾಣಿ ಬಿಯಾಟ್ರಿಕ್ಸ್ ಸಹಿ ಹಾಕಿದರು.

ಇಷ್ಟು ಹೋರಾಟದ ಫಲ ಕಾಗದದ ಮೇಲೆ ಎಷ್ಟು ಚಿಕ್ಕದು ಎಂಬುದು ಬೆರಗು ಹುಟ್ಟಿಸುತ್ತದೆ. ನಾಗರಿಕ ಸಂಹಿತೆಯ ಮೊದಲನೆಯ ಪುಸ್ತಕದ 30ನೆಯ ವಿಧಿಯಲ್ಲಿ ಈಗಿರುವ ಮಾತಿನ ಸಾರ ಇಷ್ಟೇ: ಭಿನ್ನ ಲಿಂಗದ ಅಥವಾ ಒಂದೇ ಲಿಂಗದ ಇಬ್ಬರು ವ್ಯಕ್ತಿಗಳು ಮದುವೆಯಾಗಬಹುದು. ಸಲಿಂಗಿಗಳಿಗೆಂದು ಬೇರೆ ಕಾಯ್ದೆಯಿಲ್ಲ, ಬೇರೆ ಅಧ್ಯಾಯವಿಲ್ಲ, ಬೇರೆ ದಾಖಲೆ ಪುಸ್ತಕವಿಲ್ಲ. ಮೊದಲಿನಿಂದ ಇದ್ದ ಮದುವೆಯೇ ಎರಡೂ ಬಗೆಯ ಜೋಡಿಗಳಿಗೆ ಸೇರಿತು. ‘ಮದುವೆ’ ಎಂಬ ಪದಕ್ಕಾಗಿ ಡಿಟ್ರಿಖ್ ಹಟ ಹಿಡಿದದ್ದು ಇದಕ್ಕೇ. ಹಕ್ಕುಗಳನ್ನೆಲ್ಲ ಕೊಟ್ಟು ಹೆಸರನ್ನು ಮಾತ್ರ ತಡೆದಿಟ್ಟರೆ, ನೀವು ಪಂಕ್ತಿಗೆ ಬರಬಹುದು, ಆದರೆ ಎಲೆ ಮಾತ್ರ ಬೇರೆ ಸಾಲಿನಲ್ಲಿ ಎಂದಂತೆ.

2001ರ ಏಪ್ರಿಲ್ 1, ಮಧ್ಯರಾತ್ರಿ. ಆಮ್‌ಸ್ಟರ್‌ಡ್ಯಾಮ್ ನಗರಸಭೆಯ ಸಭಾಂಗಣದಲ್ಲಿ ನಾಲ್ಕು ಜೋಡಿಗಳು ನಿಂತಿದ್ದವು, ಮೂರು ಗಂಡು ಜೋಡಿ, ಒಂದು ಹೆಣ್ಣು ಜೋಡಿ. ಮದುವೆ ಮಾಡಿಸಿದವರು ಯೋಬ್ ಕೋಹೆನ್. ಮಸೂದೆ ತಂದ ಸಚಿವರು ಅದೇ ವರ್ಷ ಜನವರಿಯಲ್ಲಿ ಆ ನಗರದ ಮೇಯರ್ ಆಗಿ ಬಂದಿದ್ದರು. ಹಾಗಾಗಿ ತಾವು ಬರೆಯಿಸಿದ ಕಾನೂನನ್ನು ತಾವೇ ಮೊದಲು ನಡೆಸಿಕೊಡುವ ಭಾಗ್ಯ ಅವರಿಗೆ ಸಿಕ್ಕಿತು. ಆ ವರ್ಷ ದೇಶದಲ್ಲಿ ಸುಮಾರು 2,400 ಸಲಿಂಗ ಮದುವೆಗಳು ನಡೆದವು.

ಕಾನೂನಿನಲ್ಲಿ ಕೊರತೆಗಳೂ ಇದ್ದವು. ಸಲಿಂಗ ಜೋಡಿಗಳಿಗೆ ದೇಶದೊಳಗಿನ ಮಕ್ಕಳನ್ನು ದತ್ತು ಪಡೆಯುವ ಹಕ್ಕು ಅದೇ ದಿನ ಜಾರಿಗೆ ಬಂತಾದರೂ, ಇಬ್ಬರು ಹೆಂಗಸರ ಮದುವೆಯಲ್ಲಿ ಒಬ್ಬಳು ಹೆತ್ತ ಮಗುವಿಗೆ ಇನ್ನೊಬ್ಬಳು ಕಾನೂನಿನ ಕಣ್ಣಲ್ಲಿ ತಾನಾಗಿ ತಾಯಿಯಾಗುತ್ತಿರಲಿಲ್ಲ. ತನ್ನದೇ ಮನೆಯ ತೊಟ್ಟಿಲಿನ ಮಗುವನ್ನು ದತ್ತು ತೆಗೆದುಕೊಳ್ಳಲು ಅವಳು ನ್ಯಾಯಾಲಯಕ್ಕೆ ಹೋಗಬೇಕಿತ್ತು. ಈ ಸ್ಥಿತಿ 2014ರವರೆಗೆ ಉಳಿಯಿತು. ಮನಸ್ಸಾಕ್ಷಿಯ ಕಾರಣ ಕೊಟ್ಟು ಸಲಿಂಗ ಮದುವೆ ಮಾಡಿಸಲು ಒಲ್ಲೆನೆನ್ನುವ ವಿವಾಹಾಧಿಕಾರಿಗಳ ನೇಮಕಕ್ಕೆ ಕಾನೂನು ತಡೆ ಹಾಕಿದ್ದೂ ಅದೇ ವರ್ಷ. ಸಿಂಹಾಸನದ ಉತ್ತರಾಧಿಕಾರಿ ಸಲಿಂಗ ವಿವಾಹವಾದರೂ ಹಕ್ಕು ಕಳೆದುಕೊಳ್ಳಬೇಕಿಲ್ಲ ಎಂದು ಪ್ರಧಾನಿ ಮಾರ್ಕ್ ರುಟೆ ಹೇಳಿದ್ದು 2021ರಲ್ಲಿ.

ಬೇರೆ ದೇಶಗಳು ಮಾನ್ಯ ಮಾಡುವುದಿಲ್ಲ ಎಂದು ಹೆದರಿದ್ದವರಿಗೆ ಕಾಲವೇ ಉತ್ತರ ಹೇಳಿತು. 2003ರಲ್ಲಿ ಬೆಲ್ಜಿಯಂ, 2005ರಲ್ಲಿ ಸ್ಪೇನ್ ಮತ್ತು ಕೆನಡಾ, 2006ರಲ್ಲಿ ದಕ್ಷಿಣ ಆಫ್ರಿಕಾ ಇದೇ ದಾರಿ ಹಿಡಿದವು. ಡಿಟ್ರಿಖ್ 2003ರಿಂದ ಸಂಸತ್ತಿನಲ್ಲಿ ಡಿ66 ನಾಯಕರಾಗಿದ್ದರು. ಅಫ್ಘಾನಿಸ್ತಾನದ ಉರುಜ್‌ಗಾನ್‌ಗೆ ಸೇನೆ ಕಳಿಸುವುದನ್ನು ವಿರೋಧಿಸಿ, ಅದರಲ್ಲಿ ಸೋತು, 2006ರಲ್ಲಿ ನಾಯಕತ್ವ ಬಿಟ್ಟರು. ಮುಂದಿನ ವರ್ಷ ಹ್ಯೂಮನ್ ರೈಟ್ಸ್ ವಾಚ್ ಸೇರಿ, ಹನ್ನೊಂದು ವರ್ಷ ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳಿಗಾಗಿ ದೇಶ ದೇಶ ಸುತ್ತಿದರು. 2019ರಲ್ಲಿ ಮೇಲ್ಮನೆಯ ಸದಸ್ಯರಾದರು. 

ಭಾರತದ ಓದುಗರಿಗೆ 1990ರ ಆ ಡಚ್ ತೀರ್ಪು ಪರಿಚಿತವೆನಿಸಬೇಕು. 2023ರ ಅಕ್ಟೋಬರ್ 17ರಂದು ನಮ್ಮ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, 1954ರ ವಿಶೇಷ ವಿವಾಹ ಕಾಯ್ದೆಯಡಿ ಸಲಿಂಗ ಮದುವೆಗೆ ಮಾನ್ಯತೆ ಕೊಡಲು ನಿರಾಕರಿಸಿ, ಅದು ಶಾಸಕಾಂಗದ ಕೆಲಸವೆಂದಿತು. ಬಹುಮತದ ಮುಖ್ಯ ತೀರ್ಪು ಬರೆದವರು ಮೈಸೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್. ಡಚ್ ನ್ಯಾಯಾಲಯ ಅದೇ ಮಾತು ಹೇಳಿದ ನಾಲ್ಕು ವರ್ಷಕ್ಕೆ ಆ ಕೆಲಸವನ್ನು ತನ್ನದೆಂದು ಎತ್ತಿಕೊಂಡ ಸಂಸದರೊಬ್ಬರು ಅಲ್ಲಿ ಬಂದಿದ್ದರು.

ನೆದರ್ಲೆಂಡ್ಸಿನ ಕಥೆ ಯೂರೋಪಿನ ನೆಲದಲ್ಲೇ ಮುಗಿಯಲಿಲ್ಲ. 2001ರ ಕಾನೂನು ಕೆರಿಬಿಯನ್ ಸಮುದ್ರದಲ್ಲಿರುವ ಡಚ್ ದ್ವೀಪಗಳಿಗೆ ಅನ್ವಯಿಸುತ್ತಿರಲಿಲ್ಲ. ಬೊನೇರ್, ಸಾಬಾ, ಸಿಂಟ್ ಯುಸ್ಟೇಷಿಯಸ್‌ಗಳಿಗೆ ಅದು ತಲುಪಿದ್ದು 2012ರಲ್ಲಿ. ಸ್ವಂತ ಸರ್ಕಾರವಿರುವ ಅರೂಬಾ ಮತ್ತು ಕುರಸಾವೊ ದ್ವೀಪಗಳ ಸಲಿಂಗ ಜೋಡಿಗಳು ನ್ಯಾಯಾಲಯಕ್ಕೆ ಹೋಗಬೇಕಾಯಿತು. 2024ರ ಜುಲೈ 12ರಂದು ಅವರ ಪರವಾಗಿ, ಮದುವೆಯ ಹಕ್ಕು ಅವರಿಗೂ ಉಂಟು ಎಂದು ಅಂತಿಮ ತೀರ್ಪು ಕೊಟ್ಟದ್ದು ಹೇಗ್ ನಗರದ ಅದೇ ಸರ್ವೋಚ್ಚ ನ್ಯಾಯಾಲಯ, 1990ರಲ್ಲಿ ಮದುವೆಯ ಹಕ್ಕನ್ನು ನಿರಾಕರಿಸಿ, ಉಳಿದದ್ದನ್ನು ಶಾಸಕಾಂಗ ನೋಡಲಿ ಎಂದಿದ್ದ ನ್ಯಾಯಾಲಯ.